ಮಡಿಕೇರಿ ಮೊದಲಿನ ಹಾಗಿದೆಯಾ ಅಂತ ಕೇಳುವವರಿಗೆ

ಇಲ್ಲ, ಮಡಿಕೇರಿ ಮೊದಲಿನ ಹಾಗಿಲ್ಲ. ಅವಸರದಲ್ಲಿರುವವರು ಇಷ್ಟು ಓದಿ ಹೋಗಬಹುದು, ನನಗೇನೂ ಬೇಜಾರಿಲ್ಲ.

ಉಳಿದವರಿಗೆ ಸ್ವಲ್ಪ ಹಿನ್ನೆಲೆ. ನಾನು ಶಾಲೆ ಓದಿದ್ದು ಮಡಿಕೇರಿಯಲ್ಲಿ. ಅಪ್ಪ ಸರ್ಕಾರಿ ನೌಕರರು. ಆಗ ಜಿಲ್ಲಾಧಿಕಾರಿ ಕಚೇರಿ ಕೋಟೆಯೊಳಗಿನ ಹಳೆಯ ಅರಮನೆಯಲ್ಲೇ ಇತ್ತು. ಅಪ್ಪನಿಗೆ ಊಟದ ಡಬ್ಬಿ ಕೊಡಲು ಹೋಗಿ, ಅಲ್ಲಿರುವ ಎರಡು ಗಾರೆ ಆನೆಗಳಲ್ಲಿ ಒಂದರ ಮೇಲೆ ಹತ್ತಿ ಕೂತು, ಬೈಸಿಕೊಂಡು ಇಳಿದು ಮನೆಗೆ ಬರುವುದು ನನ್ನ ರಜೆಯ ಕೆಲಸವಾಗಿತ್ತು. ಆಮೇಲೆ ಅಪ್ಪನಿಗೆ ಮೈಸೂರಿಗೆ ವರ್ಗವಾಯಿತು. ನಾವು ಗಂಟುಮೂಟೆ ಕಟ್ಟಿ ಹೊರಟವರು ಎಷ್ಟೋ ವರ್ಷ ಆ ಕಡೆ ತಲೆ ಹಾಕಲಿಲ್ಲ. ಹೋದ ವರ್ಷ ಹೋಗಿಬಂದೆ. ಆನೆ ಪಕ್ಕ ನಿಂತ ಒಂದು ಫೋಟೋ ಸ್ಟೇಟಸ್‌ಗೆ ಹಾಕಿದೆ. ಅಲ್ಲಿಂದ ಶುರುವಾಯಿತು ನೋಡಿ.

"ಹೇಗಿದೆ ಊರು?" ಅಂತ ಕೇಳಿದ್ದರೆ ನಾನು ಸಂತೋಷವಾಗಿ ಅರ್ಧ ಗಂಟೆ ಮಾತಾಡುತ್ತಿದ್ದೆ. ಹಾಗೆ ಯಾರೂ ಕೇಳುವುದಿಲ್ಲ. "ಮೊದಲಿನ ಥರ ಇಲ್ಲ ಅಲ್ವಾ?" ಅನ್ನುತ್ತಾರೆ. ಉತ್ತರ ಅವರ ಹತ್ತಿರವೇ ಇದೆ, ನಾನು ಸಹಿ ಹಾಕಬೇಕು ಅಷ್ಟೇ. ಹೌದು ಅಂದರೆ ಒಂದು ನಿಟ್ಟುಸಿರು ಬಿಟ್ಟು "ಅದೇ ನಾನೂ ಹೇಳೋದು" ಅಂತ ಮುಗಿಸುತ್ತಾರೆ. ಇಲ್ಲ, ಚೆನ್ನಾಗೇ ಇದೆ ಅಂದರೆ ನಾನು ಸರಿಯಾಗಿ ನೋಡಿಲ್ಲ ಅನ್ನುವ ಹಾಗೆ ನೋಡುತ್ತಾರೆ.

ಇದರಲ್ಲಿ ನಮ್ಮ ಚಿಕ್ಕಪ್ಪ ಒಬ್ಬರನ್ನು ಮೀರಿಸಿದವರಿಲ್ಲ. ಮೈಸೂರಿನಲ್ಲಿ ಒಂದು ಮದುವೆ. ಊಟಕ್ಕೆ ಕೂತಿದ್ದೇವೆ, ಎಲೆಗೆ ಹೋಳಿಗೆ ಬಂದಿದೆ, ತುಪ್ಪದವರು ಇನ್ನೂ ಬಂದಿಲ್ಲ. ಆ ಸಣ್ಣ ಬಿಡುವಿನಲ್ಲಿ ಚಿಕ್ಕಪ್ಪ ನನ್ನ ಕಡೆ ವಾಲಿದರು.

"ಮಡಿಕೇರಿಗೆ ಹೋಗಿದ್ಯಂತಲ್ಲಮ್ಮ. ಪೂರ್ತಿ ಹಾಳಾಗಿದೆ ಅಲ್ವಾ?"

"ಏನು ಹಾಳಾಗಿದೆ ಚಿಕ್ಕಪ್ಪ?"

"ಟ್ರಾಫಿಕ್ಕು! ಹೋದ ಡಿಸೆಂಬರಲ್ಲಿ ರಾಜಾಸೀಟ್ ಹತ್ರ ಪಾರ್ಕಿಂಗ್‌ಗೆ ಮುಕ್ಕಾಲು ಗಂಟೆ ಸುತ್ತಿದೀವಿ. ಎಲ್ಲಿ ನೋಡಿದ್ರೂ ಕಾರು."

"ನೀವು ಯಾವುದರಲ್ಲಿ ಹೋಗಿದ್ರಿ?"

"ಇನ್ನೋವಾ. ಎಲ್ಲರಿಗೂ ಜಾಗ ಸಾಲದು ಅಂತ ಇನ್ನೊಂದು ಕಾರೂ ತಗೊಂಡ್ವಿ."

ಆಚೆ ಕಡೆ ಕೂತಿದ್ದ ಚಿಕ್ಕಮ್ಮನಿಗೆ ನಗು ತಡೆಯಲಾಗಲಿಲ್ಲ. ಚಿಕ್ಕಪ್ಪನಿಗೆ ಗೊತ್ತೇ ಆಗಲಿಲ್ಲ, ಅಷ್ಟರಲ್ಲಿ ತುಪ್ಪದವರು ಬಂದಿದ್ದರು. ಹೋಳಿಗೆ ಮುಗಿಸಿ ಮತ್ತೆ ಶುರು ಮಾಡಿದರು. ಅವರ ಮಡಿಕೇರಿ ಎಂದರೆ ಮದುವೆಯಾದ ಹೊಸತರಲ್ಲಿ ಎರಡು ದಿನ ಹೋಗಿದ್ದ ಮಡಿಕೇರಿ. ಆಗ ಮಂಜು ಎಷ್ಟಿತ್ತು ಅಂದರೆ ಪಕ್ಕದಲ್ಲಿದ್ದ ಚಿಕ್ಕಮ್ಮನೇ ಕಾಣುತ್ತಿರಲಿಲ್ಲವಂತೆ. (ಚಿಕ್ಕಮ್ಮ: "ಅದಕ್ಕೇ ನಿಮಗೆ ಆ ಊರು ಇಷ್ಟ.") ರಸ್ತೆ ಬದಿ ಜೇನುತುಪ್ಪ, ಕಿತ್ತಳೆ. ಈಗ ಮಾರುವುದು ಕೊಡಗಿನ ಕಿತ್ತಳೆಯೇ ಅಲ್ಲ, ಎಲ್ಲಿಂದಲೋ ತಂದದ್ದು ಅಂತ ದೂರು. ಕಿತ್ತಳೆ ವಿಷಯದಲ್ಲಿ ಅವರ ಮಾತು ಬಹಳಮಟ್ಟಿಗೆ ಸರಿ, ಅದನ್ನು ಒಪ್ಪಲೇಬೇಕು. ಕಾಫಿ ತೋಟದ ನಡುವೆ ಬೆಳೆಯುತ್ತಿದ್ದ ಆ ಸಡಿಲ ಸಿಪ್ಪೆಯ ಕಿತ್ತಳೆ ರೋಗ ಬಂದು ಬಂದು ಕಡಿಮೆಯಾಗುತ್ತಾ ಹೋಯಿತು. ಗಿಡ ಹೋದ ಜಾಗದಲ್ಲಿ ಮೆಣಸಿನ ಬಳ್ಳಿ ಜಾಸ್ತಿಯಾಯಿತು, ಬೆಲೆಯೂ ಇತ್ತು. ಆದರೆ ಎರಡು ದಿನ ನೋಡಿದ ಊರಿನ ಮೇಲೆ ಇಷ್ಟು ಹಕ್ಕು ಹೇಗೆ ಬರುತ್ತದೆ ಅಂತ ನನಗೆ ಅರ್ಥವಾಗುವುದಿಲ್ಲ. ನನಗೇ ಅಷ್ಟು ಹಕ್ಕಿಲ್ಲ. ಅಲ್ಲಿ ನಮ್ಮದು ಅಂತ ಒಂದು ಗೇಣು ಜಾಗ ಇರಲಿಲ್ಲ, ಇದ್ದದ್ದು ಕ್ವಾರ್ಟರ್ಸಿನಲ್ಲಿ.

1956ರವರೆಗೆ ಕೊಡಗು ಒಂದು ಪ್ರತ್ಯೇಕ ರಾಜ್ಯ, ಮಡಿಕೇರಿ ಅದರ ರಾಜಧಾನಿ. ಈಗ ಅದು ವೀಕೆಂಡು. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಬಂತು. ಶನಿವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ತಿಂಡಿ ತಿಂದು ಹೊರಟವರು ಮಧ್ಯಾಹ್ನದ ಊಟಕ್ಕೆ ಮಡಿಕೇರಿಯಲ್ಲಿ ಇರುತ್ತಾರೆ. ಜಿಲ್ಲೆಗೆ ರೈಲು ಇಲ್ಲ, ಬರುವವರೆಲ್ಲ ರಸ್ತೆಯಲ್ಲೇ ಬರಬೇಕು. ಊರಿನ ರಸ್ತೆಗಳು ಗುಡ್ಡದ ಸೊಂಟ ಸುತ್ತಿಕೊಂಡು ಹೋಗುವಂಥವು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಯಾರದೋ ಮನೆಯ ಹೆಂಚು. ಅಗಲ ಮಾಡಬೇಕೆಂದರೆ ಗುಡ್ಡ ಕೊರೆಯಬೇಕು. ಆ ಕಥೆಗೆ ಆಮೇಲೆ ಬರುತ್ತೇನೆ.

ಇನ್ನೊಂದು ದೂರು ಚಳಿಯದು. "ಫ್ಯಾನ್ ಹಾಕ್ಕೊಂಡು ಮಲಗಿದ್ವಿ, ಗೊತ್ತಾ?" ಅಂತ ಮೋಸ ಹೋದವರ ದನಿಯಲ್ಲಿ ಹೇಳುತ್ತಾರೆ. ಹೌದು, ನಾನಿದ್ದ ಲಾಡ್ಜಿನಲ್ಲೂ ಫ್ಯಾನಿತ್ತು. ಅದನ್ನು ನೋಡಿ ನನಗೂ ಒಂದು ಕ್ಷಣ ಹೇಗೋ ಆಯಿತು. ನಮ್ಮ ಕ್ವಾರ್ಟರ್ಸಿನಲ್ಲಿ ಫ್ಯಾನು ಹೋಗಲಿ, ಫ್ಯಾನು ನೇತುಹಾಕುವ ಕೊಕ್ಕೆಯೂ ಇರಲಿಲ್ಲ. ಆದರೆ ಇದನ್ನು ಹೇಳುವವರು ಹೋಗಿದ್ದು ಏಪ್ರಿಲ್ ಕೊನೆಯಲ್ಲಿ. ಜುಲೈನಲ್ಲಿ ಹೋಗಿ ನೋಡಿ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸಾಕೋ ಸಾಕು ಅನ್ನುವಷ್ಟು ಚಳಿ ಸಿಗುತ್ತದೆ.

ಮಳೆಗಾಲದ ಊರನ್ನು ನೋಡಿದವರು ಕಡಿಮೆ. ನಮಗೆ ಊರೆಂದರೆ ಅದೇ. ಯೂನಿಫಾರ್ಮ್ ಒಣಗುತ್ತಿರಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದಳು. ಇಡೀ ತರಗತಿಯೇ ಹೊಗೆ ವಾಸನೆ ಹೊಡೆಯುತ್ತಿತ್ತು, ಎಲ್ಲರದೂ ಅದೇ ಕಥೆಯಾದ್ದರಿಂದ ಯಾರಿಗೂ ನಾಚಿಕೆ ಇರಲಿಲ್ಲ. ಚಪ್ಪಲಿಗೆ, ಬೆಲ್ಟಿಗೆ, ಗೋಡೆಯ ಕ್ಯಾಲೆಂಡರಿಗೆ ಬೂಷ್ಟು. ಕಾಲಿಗೆ ಜಿಗಣೆ. ಬೆಳಿಗ್ಗೆ ಎದ್ದ ಕೂಡಲೇ ಕೇಳುತ್ತಿದ್ದ ಮೊದಲ ಮಾತು, ಮಳೆಗೆ ರಜೆ ಕೊಟ್ಟಿದ್ದಾರಾ ಅಂತ. ರಜೆ ಸಿಕ್ಕರೆ ಮನೆಯೊಳಗೇ ಬಂಧನ. ಕಕ್ಕಡ (ಜುಲೈ–ಆಗಸ್ಟ್ ನಡುವೆ ಬರುವ ಕೊಡವರ ತಿಂಗಳು) ತಿಂಗಳ ಹದಿನೆಂಟನೆಯ ದಿನ ಪಕ್ಕದ ಕೊಡವರ ಮನೆಯಿಂದ ಮದ್ದು ಸೊಪ್ಪಿನ ಪಾಯಸ ಬರುತ್ತಿತ್ತು, ನೇರಳೆ ಬಣ್ಣದ್ದು. ಅದನ್ನು ತಿಂದರೆ ಮರುದಿನ ಮೂತ್ರ ಕೆಂಪಗಾಗುತ್ತದೆ. ಮಕ್ಕಳಿಗೆ ಅದಕ್ಕಿಂತ ದೊಡ್ಡ ಹಬ್ಬ ಬೇಕಾ?

ಇಷ್ಟು ಮಳೆ ಬೀಳುವ, ಕಾವೇರಿ ಹುಟ್ಟುವ ಜಿಲ್ಲೆಯ ಮುಖ್ಯ ಊರಿನಲ್ಲಿ ಬೇಸಿಗೆಯಲ್ಲಿ ನಲ್ಲಿ ನೀರಿಗೆ ತತ್ವಾರ. ಆಗಲೂ ಇತ್ತು. ಊರಿಗೆ ನೀರು ಕೊಡುವ ಕೂಟುಹೊಳೆ ಬತ್ತಿದರೆ ಮುಗಿಯಿತು, ಕೊಡ ಹಿಡಿದು ಸಾಲು. ರಾಜಾಸೀಟಿನಲ್ಲಿ ಸೂರ್ಯ ಮುಳುಗುವುದನ್ನು ನೋಡಲು ಬಂದವರಿಗೆ ಈ ಸಾಲು ಕಾಣುತ್ತಿರಲಿಲ್ಲ.

ಈಗ ನಾನು ಹೋದದ್ದರ ಬಗ್ಗೆ. ಬಸ್ಸಿಳಿದ ಕೂಡಲೇ ಒಬ್ಬ ಆಟೋದವನು ಹಿಡಿದ. "ಅಕ್ಕಾ, ರಾಜಾಸೀಟ್, ಅಬ್ಬಿ, ಗದ್ದಿಗೆ, ಓಂಕಾರೇಶ್ವರ, ಹಾಫ್ ಡೇ ಪ್ಯಾಕೇಜ್." ನಾನು ಸ್ವಲ್ಪ ಗತ್ತಿನಿಂದಲೇ, "ನಾನು ಇಲ್ಲೇ ಓದಿದವಳು ಕಣಪ್ಪ" ಅಂದೆ. ಅವನೇನೂ ಬೆದರಲಿಲ್ಲ. "ಹಾಗಾದ್ರೆ ಮಾಂದಲಪಟ್ಟಿ ನೋಡಿರಲ್ಲ ನೀವು" ಅಂದ. ನಿಜ, ನೋಡಿರಲಿಲ್ಲ! ನಾವಿದ್ದಾಗ ಅದರ ಹೆಸರು ಹೇಳಿದವರೂ ಇರಲಿಲ್ಲ. 2008ರಲ್ಲಿ ಬಂದ ಒಂದು ಕನ್ನಡ ಸಿನಿಮಾದಲ್ಲಿ ಆ ಹುಲ್ಲುಗುಡ್ಡ ಕಾಣಿಸಿತು, ಅಲ್ಲಿಂದ ಎಲ್ಲರಿಗೂ ಅದು ಬೇಕಾಯಿತು. ಈಗ ಅಲ್ಲಿಗೆ ಜೀಪುಗಳು ಒಂದರ ಹಿಂದೆ ಒಂದು ಹತ್ತುತ್ತವೆ. ಆಟೋದವನು ತನ್ನ ಭಾವನ ಜೀಪು ಗೊತ್ತು ಮಾಡಿಕೊಟ್ಟ. ಬೆನ್ನು ನುಚ್ಚುನೂರಾಯಿತು. ಮೇಲೆ ಗಾಳಿ ಎಂಥ ಗಾಳಿ ಅಂದರೆ ಮಾತು ಬಾಯಿಂದ ಹೊರಡುವ ಮೊದಲೇ ಹಾರಿಹೋಗುತ್ತಿತ್ತು. ತುಂಬಾ ಚೆನ್ನಾಗಿತ್ತು. ಪ್ರವಾಸಿಗರನ್ನು ಬೈಯುತ್ತಾ ಪ್ರವಾಸಿಯಾಗಿ ಹೋಗಿದ್ದೀಯಲ್ಲ ಅಂತ ನೀವು ಹೇಳುವ ಮೊದಲೇ ಹೇಳುತ್ತೇನೆ: ಹೌದು, ಹೋಗಿದ್ದೆ. ದುಡ್ಡು ಕೊಟ್ಟೇ ಹೋಗಿದ್ದೆ.

ಆ ಜೀಪಿನವರಿಗೆ ಇಬ್ಬರು ಮಕ್ಕಳು, ಒಬ್ಬಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಪ್ರವಾಸಿಗರು ಬಾರದಿದ್ದರೆ ಅವಳ ಫೀಸಿಲ್ಲ. ಊರು ಹಾಳಾಯಿತು ಅಂತ ನೀವು ಅವರ ಎದುರು ಹೇಳಿ ನೋಡಿ.

ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆ ಬೇರೆ. ಅಲ್ಲಿರುವವರು ಹೇಗಿದ್ದಾರೆ? ಮಂಜು ಕೇಳುತ್ತಾರೆ, ಕಾಫಿ ಕೇಳುತ್ತಾರೆ, ಹೋಮ್‌ಸ್ಟೇ ಕೇಳುತ್ತಾರೆ, ಮನುಷ್ಯರನ್ನು ಯಾರೂ ಕೇಳಿಲ್ಲ.

2018ರ ಆಗಸ್ಟ್ ನಡುವಿನಲ್ಲಿ ಆದದ್ದು ನಿಮಗೆ ನೆನಪಿರಬಹುದು. ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಜೋಡುಪಾಲ ಕಡೆಯೆಲ್ಲ ಗುಡ್ಡಗಳು ಜಾರಿದವು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಮಂಗಳೂರು ರಸ್ತೆ ತುಂಡಾಯಿತು. ಊರೊಳಗೆ ಇಂದಿರಾನಗರ, ಚಾಮುಂಡೇಶ್ವರಿ ನಗರದಲ್ಲೂ ಮನೆಗಳು ಹೋದವು. ಮಳೆ ವಿಪರೀತ ಬಿದ್ದದ್ದು ನಿಜ. ಆದರೆ ಅದನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ, ಇಳಿಜಾರುಗಳನ್ನು ಮನುಷ್ಯರು ಬೇಕಾದ ಹಾಗೆ ಕತ್ತರಿಸಿದ್ದೂ ಕಾರಣ ಅಂತ ಹೇಳಿತು. ಗುಡ್ಡದ ಬುಡ ಕತ್ತರಿಸಿ ಮನೆಗೋ ರಸ್ತೆಗೋ ಮಟ್ಟಸ ಜಾಗ ಮಾಡಿದರೆ ಮೇಲಿನ ಮಣ್ಣಿಗೆ ಆಧಾರ ಇರುವುದಿಲ್ಲ. ದಿನಗಟ್ಟಲೆ ಮಳೆ ಕುಡಿದು ತೂಕ ಏರಿದ ಮಣ್ಣು ಒಂದು ಹೊತ್ತಿನಲ್ಲಿ ಮರ, ಮನೆ ಎಲ್ಲವನ್ನೂ ಹೊತ್ತುಕೊಂಡು ಇಳಿಯುತ್ತದೆ. ಮರುವರ್ಷ ತೋರ, ಕೋರಂಗಾಲದಲ್ಲೂ ಗುಡ್ಡ ಜಾರಿತು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅಲ್ಲಿನ ಅರ್ಚಕರ ಮನೆಯೇ ಮಣ್ಣಾಯಿತು.

2018ರ ಆ ವಾರ ಟೀವಿಯಲ್ಲಿ ಮನೆಯೊಂದು ಜಾರಿ ಬೀಳುವುದನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ನಾನು ಹಳೆಯ ನಂಬರುಗಳನ್ನು ಹುಡುಕಿ ಹುಡುಕಿ ಫೋನ್ ಮಾಡುತ್ತಿದ್ದೆ. ಆಗ ನನಗೆ ಒಬ್ಬರ ಕರೆ ಬಂತು, ಆಫೀಸಿನಲ್ಲಿ ಜೊತೆಗಿದ್ದವರು. "ನಿಮಗೆ ಅಲ್ಲಿ ಗೊತ್ತಲ್ವಾ, ಪ್ರವಾಸಿಗರು ಬರಬೇಡಿ ಅಂತ ಜಿಲ್ಲಾಡಳಿತ ಹೇಳಿದೆ, ಹೋಮ್‌ಸ್ಟೇಗೆ ಕಟ್ಟಿದ ಅಡ್ವಾನ್ಸ್ ವಾಪಸ್ ಕೊಡ್ತಾರಾ?" ನಾನು ಏನು ಹೇಳಿದೆ ಅಂತ ಇಲ್ಲಿ ಬರೆಯುವ ಹಾಗಿಲ್ಲ. ಈ ಬರಹದ ಸಿಟ್ಟಿನಲ್ಲಿ ಅರ್ಧ ಅವರಿಗೆ ಸೇರಬೇಕು, ಚಿಕ್ಕಪ್ಪ ಸುಮ್ನೆ ಸಿಕ್ಕಿಹಾಕಿಕೊಂಡರು.

ನನ್ನ ಜೊತೆ ಓದಿದವಳೊಬ್ಬಳ ಮನೆ ಮಕ್ಕಂದೂರು ಕಡೆ ಇತ್ತು. ಗದ್ದೆ ಪೂರ್ತಿ ಹೂಳು ತುಂಬಿಹೋಯಿತು, ಕಾಫಿ ತೋಟ ಅರ್ಧ ಹೋಯಿತು, ಜೀವ ಉಳಿಯಿತು. ಆಮೇಲೆ ಜಂಬೂರಿನಲ್ಲಿ ಸಂತ್ರಸ್ತರಿಗೆ ಕಟ್ಟಿದ ಮನೆಗಳಲ್ಲಿ ಒಂದು ಅವಳಿಗೆ ಸಿಕ್ಕಿತು. ನಾನು ಹೋದಾಗ ಅವಳ ಮನೆಯಲ್ಲೇ ಒಂದು ಮಧ್ಯಾಹ್ನ ಕಳೆದೆ. ಸಾಲಾಗಿ ಒಂದೇ ಥರದ ಮನೆಗಳು, ಅಂಗಳದಲ್ಲಿ ಡಬ್ಬಿಗಳಲ್ಲಿ ಅವಳ ಹೂವಿನ ಗಿಡ. ಮನೆ ಚೆನ್ನಾಗಿದೆ, ಗಟ್ಟಿಯಾಗಿದೆ ಅಂತ ಅವಳೇ ಹೇಳಿದಳು. ಉಳಿದ ಅರ್ಧ ತೋಟ ನೋಡಲು ಮಾತ್ರ ಇಲ್ಲಿಂದ ಬಸ್ಸಿನಲ್ಲಿ ಹೋಗಬೇಕು. ಕಾಫಿ ಕುಯ್ಲಿನ ಕಾಲದಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರುತ್ತಾಳೆ. ಮಳೆಗಾಲದಲ್ಲಿ ರಾತ್ರಿ ಸರಿಯಾಗಿ ನಿದ್ದೆ ಬರುವುದಿಲ್ಲವಂತೆ, ಇಲ್ಲಿ ಮನೆ ಹಿಂದೆ ಗುಡ್ಡ ಇಲ್ಲದಿದ್ದರೂ. ಇಷ್ಟನ್ನೂ ಅವಳು ಅಳುತ್ತಾ ಹೇಳಲಿಲ್ಲ. ಮೆಣಸು ಆರಿಸುತ್ತಾ ಹೇಳಿದಳು, ನಡುವೆ ನಮ್ಮ ಗಣಿತದ ಟೀಚರನ್ನು ಅಣಕಿಸಿದಳು, ನನ್ನ ಕೂದಲು ಬೆಳ್ಳಗಾಗಿದ್ದಕ್ಕೆ ನಕ್ಕಳು.

ಅವಳನ್ನೇ ಕೇಳಿದೆ, ಊರು ಹಾಳಾಗಿದೆ ಅನ್ನಿಸುತ್ತಾ ಅಂತ. "ಯಾವ ಊರು?" ಅಂದಳು. ಮಡಿಕೇರಿ ಅಂದೆ. "ನಂಗೆ ಶುಕ್ರವಾರ ಸಂತೆಗೆ ಹೋಗಿ ಬರೋದೇ ಸಾಕಾಗ್ತದೆ. ಹಾಳಾಗಿದೆಯಾ ಅಂತ ನೋಡ್ಲಿಕ್ಕೆ ಪುರುಸೊತ್ತೆಲ್ಲಿ?"

ಇನ್ನು ಉಪಪ್ರಶ್ನೆ, "ಅಷ್ಟು ಪ್ರೀತಿ ಇದ್ದರೆ ಇಷ್ಟು ವರ್ಷ ಯಾಕೆ ಹೋಗಲಿಲ್ಲ?" ಹೋಗಲಿಲ್ಲ ರೀ. ಅಲ್ಲಿ ಮನೆ ಇಲ್ಲ, ನೆಂಟರಿಲ್ಲ. ಮೈಸೂರಿಂದ ಬರೀ ಮೂರು ಗಂಟೆ ದಾರಿ ಅಂತ ನನಗೂ ಗೊತ್ತು. ಬೆಳೆದ ಊರಿಗೆ ಹೋಗದೆ ಇರುವುದಕ್ಕೆ ಜನರಿಗೆ ದೂರವೇ ಕಾರಣವಾಗಬೇಕು ಅಂತೇನೂ ಇಲ್ಲ. ಹಳೆಯ ಸ್ನೇಹಿತರಿಗೆ ಫೋನ್ ಮಾಡದೆ ಇದ್ದುಬಿಡುತ್ತೇವಲ್ಲ, ಹಾಗೇ. ನಿಮಗೂ ಅಂಥದ್ದೊಂದು ನಂಬರಿದೆ.

ಹೋಗಬೇಕು ಅನ್ನುವವರು ದಸರಾಕ್ಕೆ ಹೋಗಿ. ಮಂಜು ಸಿಗಬಹುದು, ಸಿಗದೆಯೂ ಇರಬಹುದು. ನವರಾತ್ರಿ ಶುರುವಿನಲ್ಲಿ ಪಂಪಿನಕೆರೆಯಿಂದ ನಾಲ್ಕು ಕರಗ ಹೊರಡುತ್ತವೆ. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳು ಬೆಳಗಾಗುವವರೆಗೆ ಊರು ಸುತ್ತುತ್ತವೆ. ಆವತ್ತು ಊರಿನವರು ಊರಿನವರಿಗಾಗಿಯೇ ಮೆರೆಯುತ್ತಾರೆ, ನೀವು ಪಕ್ಕದಲ್ಲಿ ನಿಂತು ನೋಡಬಹುದು. ಕಾರು ಕುಶಾಲನಗರದಲ್ಲೇ ಬಿಟ್ಟು ಬಸ್ಸು ಹತ್ತಿದರೆ ಇನ್ನೂ ಒಳ್ಳೆಯದು, ಚಿಕ್ಕಪ್ಪನೂ ಸೇರಿ.

ಯಾವ ಲಾಡ್ಜು ಅಂತ ಮಾತ್ರ ಕೇಳಬೇಡಿ. ನಾನಿದ್ದ ಕಡೆ ಬೆಳಿಗ್ಗೆ ಏಳರ ಮೇಲೆ ಬಿಸಿನೀರು ಬರುತ್ತಿರಲಿಲ್ಲ.