ಎಸಿ ಗ್ಯಾಸ್ ಹಾಕಿಸೋಕೆ ಮುಂಚೆ ಗ್ಲವ್ ಬಾಕ್ಸ್ ಬಿಚ್ಚಿ ಫಿಲ್ಟರ್ ನೋಡಿ

ವರ್ಕ್‌ಶಾಪ್‌ನಲ್ಲಿ ಎಸಿ ಕೆಲಸ ನೋಡ್ಕೊಳ್ಳೋನು ನಾನು. ಬಿಸಿಲು ಏರ್ತಿದ್ದ ಹಾಗೆ ಗಾಡಿ ತಂದು ನಿಲ್ಲಿಸೋ ಸುಮಾರು ಜನ ಇಳಿಯೋಕೆ ಮುಂಚೇನೇ ಹೇಳೋ ಮಾತು ಒಂದೇ, "ಸರ್ ಎಸಿ ಕೂಲಿಂಗ್ ಇಲ್ಲ, ಗ್ಯಾಸ್ ತುಂಬಿಸಿಬಿಡಿ". ಎಸಿ ಗ್ಯಾಸ್ ಪೆಟ್ರೋಲ್ ಥರ ಓಡಿಸ್ತಾ ಓಡಿಸ್ತಾ ಖರ್ಚಾಗೋ ಸಾಮಾನಲ್ಲ, ಮುಚ್ಚಿದ ಲೈನ್ ಒಳಗೆ ಸುತ್ತುತ್ತಾ ಇರತ್ತೆ, ತುಂಬಾ ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಲೀಕ್ ಇದೆ ಅಂತಾನೇ ಅರ್ಥ. ಅದಕ್ಕೇ ನಾನು ವಾಪಸ್ ಒಂದು ಪ್ರಶ್ನೆ ಕೇಳ್ತೀನಿ: ಗಾಳಿ ಕಮ್ಮಿ ಬರ್ತಿದ್ಯಾ, ಇಲ್ಲಾ ಗಾಳಿ ಜೋರಾಗೇ ಬರ್ತಿದೆ ಆದ್ರೆ ತಣ್ಣಗಿಲ್ವಾ?

ಇದೆರಡೂ ಬೇರೆ ಬೇರೆ ಕಾಯಿಲೆ. ಗಾಳಿ ಫೋರ್ಸಾಗಿ ಬರ್ತಿದೆ, ಆದ್ರೆ ಬಿಸಿ ಅಂದ್ರೆ ಗ್ಯಾಸು, ಕಂಪ್ರೆಸರ್ರು, ಮುಂದಿರೋ ಕಂಡೆನ್ಸರ್ ಕಡೆ ಹೋಗ್ಬೇಕು, ಅದು ನಮ್ಮ ಕೆಲಸ. ಬರೋ ಗಾಳಿ ತಣ್ಣಗೇ ಇದೆ, ಆದ್ರೆ ಫ್ಯಾನ್ 4ಕ್ಕೆ ಇಟ್ಟರೂ ಸದ್ದು ಮಾತ್ರ ಜಾಸ್ತಿ, ಹಿಂದಿನ ಸೀಟಿಗೆ ಏನೂ ತಲುಪ್ತಿಲ್ಲ ಅಂದ್ರೆ ಮೊದಲು ನೋಡ್ಬೇಕಾಗಿರೋದು ಕ್ಯಾಬಿನ್ ಫಿಲ್ಟರ್, ಅಂದ್ರೆ ಗಾಡಿ ಒಳಗೆ ಬರೋ ಗಾಳೀನ ಸೋಸೋ ಫಿಲ್ಟರ್. ಎಸಿ ಫಿಲ್ಟರ್, ಪೋಲನ್ ಫಿಲ್ಟರ್ ಅಂತಾನೂ ಕರೀತಾರೆ, ಎಲ್ಲಾ ಒಂದೇ. ಎಂಜಿನ್ ಏರ್ ಫಿಲ್ಟರ್ ಬೇರೆ, ಅದು ಬಾನೆಟ್ ಕೆಳಗೆ ಎಂಜಿನ್ ಉಸಿರಾಡೋಕೆ ಇರೋದು. ಆರ್ಡರ್ ಮಾಡುವಾಗ ಇವೆರಡನ್ನ ಅದಲು ಬದಲು ಮಾಡ್ಕೊಂಡು ಬರೋರು ತುಂಬಾ ಜನ, ಹಾಗಾಗಿ ಮಾಡೆಲ್, ತಯಾರಾದ ವರ್ಷ, ವೇರಿಯಂಟ್ ಮೂರನ್ನೂ ನೋಡಿ ತರಿಸಿ.

ಇದನ್ನ ಮನೇಲೇ ಬದಲಾಯಿಸ್ಕೊಳ್ಳಿ ಅಂತ ಎಲ್ಲರಿಗೂ ಹೇಳ್ತೀನಿ. ನಮಗೆ ಬರೋ ಕೆಲಸ ಕಮ್ಮಿ ಆಗಲ್ವಾ ಅಂತ ಜೊತೆಯವರು ಕೇಳ್ತಾರೆ, ಆಗ್ಲಿ ಬಿಡಿ. ಫಿಲ್ಟರ್ ಕಟ್ಕೊಂಡು ವರ್ಷಗಟ್ಟಲೆ ಓಡಿಸಿ ಆಮೇಲೆ ಬ್ಲೋವರ್ (ಗಾಳಿ ತಳ್ಳೋ ಫ್ಯಾನ್) ಹಾಳು ಮಾಡ್ಕೊಂಡು ಬರೋರನ್ನ ನೋಡಿದ್ರೆ ನನಗೆ ನಿಜವಾಗ್ಲೂ ಬೇಜಾರಾಗತ್ತೆ.

ಒಳಗೆ ಏನಾಗತ್ತೆ ಅಂತ ಸ್ವಲ್ಪ ಹೇಳ್ಬಿಡ್ತೀನಿ, ಗೊತ್ತಿದ್ರೆ ಮುಂದಿನದೆಲ್ಲ ಸುಲಭ. ಮುಂದಿನ ಗಾಜಿನ ಬುಡದಲ್ಲಿ ವೈಪರ್ ಹತ್ರ ಒಂದು ಪ್ಲಾಸ್ಟಿಕ್ ಜಾಲರಿ ಇದೆ ನೋಡಿ, ಹೊರಗಿನ ಗಾಳಿ ಅಲ್ಲಿಂದ ಬರತ್ತೆ, ರೀಸರ್ಕ್ಯುಲೇಷನ್ ಒತ್ತಿದ್ರೆ ಗಾಡಿ ಒಳಗಿನ ಗಾಳೀನೇ ಮತ್ತೆ ಎಳ್ಕೊಳ್ಳತ್ತೆ. ಸುಮಾರು ಗಾಡಿಗಳಲ್ಲಿ ಎರಡೂ ಇದೇ ಫಿಲ್ಟರ್ ದಾಟ್ಕೊಂಡು ಕೂಲಿಂಗ್ ಕಾಯಿಲ್ ಮೇಲೆ ಹಾದು ಆಮೇಲೆ ನಿಮ್ಮ ಮುಖಕ್ಕೆ ಬರೋದು. ಫಿಲ್ಟರ್ ಕಟ್ಕೊಂಡ್ರೆ ಕಾಯಿಲ್ ಮೇಲೆ ಹೋಗೋ ಗಾಳಿ ಕಮ್ಮಿ ಆಗತ್ತೆ, ಕೆಲವು ಗಾಡಿಲಿ ಕಾಯಿಲ್ ಮೇಲೆ ಐಸ್ ಕಟ್ಟೋಕೆ ಶುರುವಾಗಿ, ದೂರದ ಪ್ರಯಾಣದಲ್ಲಿ ಇದ್ದ ಗಾಳೀನೂ ನಿಂತು ಹೋಗತ್ತೆ, ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತೆ ಹೊರಟ್ರೆ ಸರಿ ಇರತ್ತೆ. "ಒಂದೊಂದ್ಸಲ ಬರತ್ತೆ ಒಂದೊಂದ್ಸಲ ಬರಲ್ಲ" ಅನ್ನೋ ಕಂಪ್ಲೇಂಟ್ ಇದ್ರೆ ಇದನ್ನೂ ಯೋಚಿಸ್ಬೇಕು. ಇನ್ನೊಂದು, ಫ್ಯಾನ್ ಸ್ಪೀಡ್ ನಾಬ್ ಇರೋ ಗಾಡಿಗಳಲ್ಲಿ ಬ್ಲೋವರ್ ರೆಸಿಸ್ಟರ್ ಅಂತ ಒಂದು ಪಾರ್ಟ್ ಇರತ್ತೆ, ಅದು ಬಿಸಿಯಾಗೋ ಸಾಮಾನು, ತಣ್ಣಗಾಗೋದು ಅದೇ ಬ್ಲೋವರ್ ಗಾಳಿಯಿಂದ. ಗಾಳಿ ಕಮ್ಮಿ ಆದ್ರೆ ಅದಕ್ಕೂ ಕಷ್ಟ. 1, 2, 3 ಯಾವುದೂ ಕೆಲಸ ಮಾಡಲ್ಲ, 4 ಮಾತ್ರ ಮಾಡತ್ತೆ ಅಂತ ಯಾರಾದ್ರೂ ಬಂದ್ರೆ ರೆಸಿಸ್ಟರ್ ಹೋಗಿರತ್ತೆ, ಹೊಸ ರೆಸಿಸ್ಟರ್ ಹಾಕೋಕೆ ಮುಂಚೆ ಫಿಲ್ಟರ್ ಈಚೆ ತೆಗೆದು ನೋಡು ಅಂತ ನಮ್ಮ ಹುಡುಗ್ರಿಗೆ ಹೇಳೇ ಹೇಳ್ತೀನಿ, ಇಲ್ಲಾಂದ್ರೆ ಹೊಸದೂ ಬೇಗ ಹೋಗೋ ಚಾನ್ಸ್ ಇದೆ.

ಈಗ ಬಿಚ್ಚೋದು. ಹೆಚ್ಚಿನ ಗಾಡಿಗಳಲ್ಲಿ ಫಿಲ್ಟರ್ ಇರೋದು ಪ್ಯಾಸೆಂಜರ್ ಸೈಡ್ ಗ್ಲವ್ ಬಾಕ್ಸ್ ಹಿಂದೆ. ಕೆಲವದರಲ್ಲಿ ಬಾನೆಟ್ ಎತ್ತಿ ವೈಪರ್ ಹತ್ರದ ಕವರ್ ಕೆಳಗೆ, ಇನ್ನು ಕೆಲವದರಲ್ಲಿ ಡ್ಯಾಶ್‌ಬೋರ್ಡ್ ಅಡಿಯಲ್ಲಿ ಕಾಲಿಡೋ ಜಾಗದ ಪಕ್ಕ. ಓನರ್ಸ್ ಮ್ಯಾನುಯಲ್‌ನಲ್ಲಿ ಸಾಮಾನ್ಯವಾಗಿ ಚಿತ್ರ ಸಮೇತ ಕೊಟ್ಟಿರ್ತಾರೆ, ಮೊದಲು ಅದನ್ನ ತೆಗೆದು ನೋಡಿ. ಕೆಲವು ಕೆಳಗಿನ ವೇರಿಯಂಟ್‌ಗಳಲ್ಲಿ ಫಿಲ್ಟರ್ ಕೂರೋ ಜಾಗ ಇರತ್ತೆ ಆದ್ರೆ ಫ್ಯಾಕ್ಟರಿಯಿಂದ ಫಿಲ್ಟರೇ ಬಂದಿರಲ್ಲ, ತೆಗೆದು ನೋಡಿದಾಗ ಖಾಲಿ ಇದ್ರೆ ಯಾರೋ ಕದ್ರು ಅಂತ ಅಂದ್ಕೊಳ್ಬೇಡಿ.

ಇಗ್ನಿಷನ್ ಆಫ್ ಮಾಡಿ ಕೀ ಈಚೆ ತೆಗೀರಿ. ಫ್ಯಾನ್ ತಿರುಗ್ತಾ ಇರುವಾಗ ಫಿಲ್ಟರ್ ಎಳೆದ್ರೆ ಮೇಲಿರೋ ಕಸ ಎಲ್ಲ ನೇರ ಬ್ಲೋವರ್‌ಗೇ ಹೋಗತ್ತೆ. ಗ್ಲವ್ ಬಾಕ್ಸ್ ಪೂರ್ತಿ ಖಾಲಿ ಮಾಡಿ, ಒಂದು ಪಕ್ಕದಲ್ಲಿ ಅದನ್ನ ನಿಧಾನಕ್ಕೆ ಇಳಿಸೋ ದಾರ ಇಲ್ಲಾ ಸಣ್ಣ ಡ್ಯಾಂಪರ್ ಕಡ್ಡಿ ಇದ್ರೆ ಅದನ್ನ ಪಿನ್‌ನಿಂದ ಜಾರಿಸಿ, ಆಮೇಲೆ ಎರಡೂ ಪಕ್ಕದ ಗೋಡೆನ ಒಳಕ್ಕೆ ಅಮುಕಿದ್ರೆ ಸ್ಟಾಪರ್ ತಪ್ಪಿ ಬಾಕ್ಸ್ ಪೂರ್ತಿ ಕೆಳಗೆ ಬಾಗತ್ತೆ. ಚಳೀಲಿ ಪ್ಲಾಸ್ಟಿಕ್ ಗಡುಸಾಗಿರತ್ತೆ, ಬಲ ಹಾಕ್ಬೇಡಿ, ಗಾಡಿ ಸ್ವಲ್ಪ ಬೆಚ್ಚಗಾದ ಮೇಲೆ ಮಾಡಿ. ಒಳಗೆ ಹಳದಿ ಬಣ್ಣದ ಕನೆಕ್ಟರ್ ಇಲ್ಲಾ ವೈರ್ ಕಾಣಿಸಿದ್ರೆ ಅದು ಏರ್‌ಬ್ಯಾಗ್‌ದು, ಅದರ ತಂಟೆಗೆ ಹೋಗೋದೇ ಬೇಡ. ಎದುರಿಗೆ ಉದ್ದಕ್ಕಿರೋ ಒಂದು ಪ್ಲಾಸ್ಟಿಕ್ ಮುಚ್ಚಳ ಕಾಣತ್ತೆ, ಪಕ್ಕದ ಲಾಕ್ ಒತ್ತಿ ಎಳೆದ್ರೆ ಬರತ್ತೆ.

ಹಳೇ ಫಿಲ್ಟರ್ ಎಳೆಯೋಕೆ ಮುಂಚೆ ಟಾರ್ಚ್ ಬಿಟ್ಟು ಅಂಚಿನ ಮೇಲಿರೋ ಬಾಣದ ಗುರುತು ಯಾವ ಕಡೆ ಇದೆ ನೋಡಿ, ಮೊಬೈಲ್‌ನಲ್ಲಿ ಒಂದು ಫೋಟೋ ತೆಕ್ಕೊಳ್ಳಿ. ಆಮೇಲೆ ಅಡ್ಡಡ್ಡವಾಗಿ, ಬಾಗಿಸ್ದೆ, ನಿಧಾನಕ್ಕೆ ಎಳೀರಿ, ಯಾಕಂದ್ರೆ ಮೇಲೆ ಒಣಗಿದ ಎಲೆ, ಬೀಜ ಎಲ್ಲ ಕೂತಿರತ್ತೆ, ಫಿಲ್ಟರ್ ಓರೆ ಆದ್ರೆ ಅದು ಜಾರಿ ಕೆಳಗೆ ಬ್ಲೋವರ್ ಬುಟ್ಟಿಗೆ ಬೀಳತ್ತೆ. ಆಮೇಲೆ ಫ್ಯಾನ್ ಹಾಕಿದ ತಕ್ಷಣ ಟಕಟಕ ಅಂತ ಸದ್ದು. ಅದಕ್ಕೆ ಬ್ಲೋವರ್ ಇಳಿಸಿ ಕ್ಲೀನ್ ಮಾಡ್ಬೇಕು, ಅದು ಮನೆ ಕೆಲಸ ಅಲ್ಲ.

ಈಚೆ ಬಂದ ಹಳೇ ಫಿಲ್ಟರ್‌ನ ನೇರ ಕಸಕ್ಕೆ ಎಸೀಬೇಡಿ, ಈ ಪೋಸ್ಟ್ ಬರೀತಿರೋದೇ ಇದನ್ನ ಹೇಳೋಕೆ. ಒಂದು ಪೇಪರ್ ಮೇಲೆ ಇಟ್ಟು ಬೆಳಕಲ್ಲಿ ಒಂದು ನಿಮಿಷ ನೋಡಿ. ಗಾಡಿ ಬಗ್ಗೆ ನಾವು ದೋಷ ಹುಡುಕೋಕೆ ಹಚ್ಚೋ ಸ್ಕ್ಯಾನರ್ ಹೇಳದೇ ಇರೋ ವಿಷಯ ಅದರಲ್ಲಿ ಇರತ್ತೆ. ಮಡಿಕೆಗಳ ತುಂಬ ಒಂದೇ ಸಮ ಬೂದು ಬಣ್ಣ ಕೂತಿದೆ, ಕೆಳಗಿನ ಮುಖ ಹೆಚ್ಚುಕಮ್ಮಿ ಕ್ಲೀನಾಗಿದೆ ಅಂದ್ರೆ ಫಿಲ್ಟರ್ ತನ್ನ ಕೆಲಸ ಸರಿಯಾಗಿ ಮಾಡಿದೆ. ಮಧ್ಯೆ ಹೆಚ್ಚು ಧೂಳೇ ಇಲ್ಲ, ಒಂದು ಅಂಚಲ್ಲಿ ಮಾತ್ರ ಕಪ್ಪು ಗೆರೆ ಎಳೆದ ಹಾಗಿದೆ ಅಂದ್ರೆ ಅಲ್ಲಿ ಗ್ಯಾಪ್ ಇತ್ತು, ಗಾಳಿ ಫಿಲ್ಟರ್ ಒಳಗೆ ಹೋಗೋದು ಬಿಟ್ಟು ಪಕ್ಕದಲ್ಲಿ ನುಗ್ಗಿದೆ. ಗಾಳಿ ಯಾವಾಗ್ಲೂ ಸುಲಭದ ದಾರೀಲೇ ಹೋಗೋದು, ಅಂಚಲ್ಲಿ ಕಾಣೋ ಸಣ್ಣ ಸಂದೀಲಿ ಎಷ್ಟೋ ಧೂಳು ಒಳಗೆ ಹೋಗ್ಬಿಡತ್ತೆ. ಇದು ಸೈಜ್ ಸ್ವಲ್ಪ ಚಿಕ್ಕದಿರೋ ಫಿಲ್ಟರ್‌ಗಳಲ್ಲಿ ಕಾಣಿಸೋದು, ಇಲ್ಲಾ ಕೂರಿಸುವಾಗ ಅಂಚು ಮಡಚಿಕೊಂಡಿದ್ರೆ.

ಅಲೆ ಅಲೆಯಾಗಿ ಕಂದು ಬಣ್ಣದ ಕಲೆ ಇದ್ರೆ, ಮುಟ್ಟಿದ್ರೆ ಪೇಪರ್ ಗಟ್ಟಿಯಾಗಿ ಗರಿಗರಿ ಅನ್ನಿಸಿದ್ರೆ ಅಲ್ಲಿ ನೀರು ಬಿದ್ದು ಒಣಗಿದೆ ಅಂತ. ಒಂದು ಗಾಡಿ ಹೀಗೇ ಬಂದಿತ್ತು, ಮಳೆ ಬಂದಾಗೆಲ್ಲ ಒಳಗಿನ ಗಾಜು ಮಂಜು ಕಟ್ಕೊಳ್ಳತ್ತೆ, ಎಸಿ ಹಾಕಿದ್ರೂ ಬೇಗ ಹೋಗಲ್ಲ ಅಂತ. ಫಿಲ್ಟರ್ ಎಳೆದ ಹುಡುಗ "ಅಣ್ಣಾ, ಇದು ಒದ್ದೆ ಬಟ್ಟೆ ಹಿಡ್ಕೊಂಡಂಗಿದೆ ನೋಡಿ" ಅಂತ ಕೈಗೆ ಕೊಟ್ಟ. ಒಂದು ಕಡೆ ಮಾತ್ರ ನೆಂದಿತ್ತು, ಗಾಜಿನ ಕಡೆಯ ಭಾಗ. ಬಾನೆಟ್ ಎತ್ತಿ ವೈಪರ್ ಕೆಳಗಿನ ಜಾಲರಿ ಬಿಚ್ಚಿದ್ರೆ ನೀರು ಹರಿದು ಹೋಗೋ ತೂತು ಕೊಳೆತ ಎಲೆಯಿಂದ ಪೂರ್ತಿ ಮುಚ್ಚಿತ್ತು, ನಿಂತ ನೀರು ಗಾಳಿ ಎಳ್ಕೊಳ್ಳೋ ಬಾಯಿ ಕಡೆಯಿಂದ ಒಳಗೆ ಇಳೀತಿತ್ತು. ಹೊಸ ಫಿಲ್ಟರ್ ಮಾತ್ರ ಹಾಕಿ ಕಳಿಸಿದ್ರೆ ಮುಂದಿನ ಮಳೆಗೆ ಅದೂ ನೆನೀತಿತ್ತು. ಎಲೆ ತೆಗೆದು, ಮಗ್‌ನಲ್ಲಿ ನೀರು ಹೊಯ್ದು ಕೆಳಗೆ ಹರಿದು ಹೋಗೋದನ್ನ ನೋಡಿದ ಮೇಲೇ ನಾವು ಹೊಸದು ಹಾಕಿದ್ದು. ಮರದ ಕೆಳಗೆ ಗಾಡಿ ನಿಲ್ಲಿಸೋರು ಆ ಜಾಲರಿ ಮೇಲಿನ ಎಲೆ ಆಗಾಗ ಕೈಯಲ್ಲೇ ಆಯ್ದು ಹಾಕಿ, ಅಷ್ಟೇ ಸಾಕು.

ಹತ್ತಿ ಚೂರು, ಸ್ಪಂಜಿನ ಪುಡಿ, ಕಾಳಿನ ಸಿಪ್ಪೆ ಕಂಡ್ರೆ ಇಲಿ ಬಂದಿದೆ. ಇಲ್ಲಿ ಸ್ವಲ್ಪ ಹುಷಾರು. ಒಣಗಿದ ಹಿಕ್ಕೆನ ಪೊರಕೇಲಿ ಗುಡಿಸೋದು, ವ್ಯಾಕ್ಯೂಮ್ ಹಿಡಿಯೋದು ಎರಡೂ ಬೇಡ, ಆ ಧೂಳು ಉಸಿರಲ್ಲಿ ಹೋದ್ರೆ ರೋಗ ಬರಬಹುದು. ಮಾಸ್ಕ್, ಗ್ಲೌಸ್ ಹಾಕ್ಕೊಂಡು, ಕ್ರಿಮಿನಾಶಕ ಸಿಂಪಡಿಸಿ ನೆನೆಸಿ, ಒರೆಸಿ ತೆಗೆದು ಕವರಲ್ಲಿ ಕಟ್ಟಿ ಬಿಸಾಕಿ. ವೈರ್ ಕಡಿದಿದ್ಯಾ ಅಂತಾನೂ ನೋಡ್ಬೇಕು.

ಈಗ ಎಲ್ಲರೂ ಕೇಳೋದು, ತೊಳೆದು ಅದನ್ನೇ ಹಾಕ್ಬೋದಾ, ಏರ್ ಹೊಡೆದ್ರೆ ಸಾಕಲ್ವಾ. ನನ್ನ ಉತ್ತರ ಬೇಡ ಅಂತಾನೇ. ಸುಮಾರು ಫಿಲ್ಟರ್‌ಗಳ ನಾರಿಗೆ ತಯಾರಿಸುವಾಗಲೇ ಸ್ಥಿರ ವಿದ್ಯುತ್ ಚಾರ್ಜ್ ಕೊಟ್ಟಿರ್ತಾರೆ, ಸಣ್ಣ ಕಣಗಳನ್ನ ಅದು ಎಳೆದು ಹಿಡ್ಕೊಳ್ಳೋದು ಅದರಿಂದ. ಸೋಪು ನೀರಲ್ಲಿ ತೊಳೆದ್ರೆ ಆ ಚಾರ್ಜ್ ಹೋಗತ್ತೆ, ನೋಡೋಕೆ ಬೆಳ್ಳಗಿರತ್ತೆ ಆದ್ರೆ ಸಣ್ಣ ಧೂಳು ಸರಾಗವಾಗಿ ದಾಟತ್ತೆ. ಏರ್ ಕಂಪ್ರೆಸರ್ ಗಾಳಿ ಹತ್ತಿರದಿಂದ ಹೊಡೆದ್ರೆ ನಾರು ಹರಿಯತ್ತೆ. ಮೇಲಿನ ಎಲೆ ಕಸ ಮೆಲ್ಲಗೆ ತಟ್ಟಿ ಉದುರಿಸಿ ಹೊಸದು ಬರೋವರೆಗೂ ಹಾಕ್ಕೊಳ್ಳೋದು ಓಕೆ, ಅದಕ್ಕಿಂತ ಜಾಸ್ತಿ ಬೇಡ. ಕಂಪನಿಯೋರೇ ತೊಳೀಬೋದು ಅಂತ ಬರೆದು ಮಾರೋ ಫಿಲ್ಟರ್‌ಗಳ ಮಾತು ಬೇರೆ.

ಯಾವ ಥರದ್ದು ತಗೋಬೇಕು ಅನ್ನೋದಕ್ಕೆ, ಬಿಳೀ ಪೇಪರ್ ಥರದ್ದು ಧೂಳಿಗೆ, ಹೂವಿನ ಪರಾಗಕ್ಕೆ ಸಾಕು. ಪರಾಗ ಸಾಮಾನ್ಯವಾಗಿ 10 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದ್ರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಭಾಗ) ದೊಡ್ಡದು, ಸುಲಭವಾಗಿ ಸಿಕ್ಕಿಬೀಳತ್ತೆ. ಹೊಗೆ, ಡೀಸೆಲ್ ವಾಸನೆ ಕಷ್ಟ ಕೊಡ್ತಿದ್ರೆ ಆಕ್ಟಿವೇಟೆಡ್ ಕಾರ್ಬನ್ ಇರೋದು ತಗೊಳ್ಳಿ, ಬೂದು ಕಪ್ಪು ಬಣ್ಣ ಇರತ್ತೆ, ಆದ್ರೆ ಕಾರ್ಬನ್ ಒಂದ್ಸಲ ತುಂಬಿದ ಮೇಲೆ ಮುಗೀತು, ನೋಡೋಕೆ ಕ್ಲೀನಾಗಿದ್ರೂ ವಾಸನೆ ಹಿಡಿಯಲ್ಲ. ಹೆಪಾ ಅಂತ ಬರೆದಿರೋದನ್ನ ನೋಡಿ ತುಂಬಾ ಜನ ಮರುಳಾಗ್ತಾರೆ. ನಿಜವಾದ ಹೆಪಾ ಅಂದ್ರೆ 0.3 ಮೈಕ್ರಾನ್ ಕಣಗಳಲ್ಲಿ 99.97 ಶೇಕಡಾ ಹಿಡೀಬೇಕು, ಅಷ್ಟು ಬಿಗಿ ಫಿಲ್ಟರ್‌ನ ದೂಡೋ ಶಕ್ತಿ ನಿಮ್ಮ ಗಾಡಿ ಬ್ಲೋವರ್‌ಗೆ ಇದ್ಯಾ ಅಂತಾನೂ ನೋಡ್ಬೇಕಲ್ವಾ. ನನ್ನ ಕೇಳಿದ್ರೆ ಸರಿಯಾದ ಸೈಜಿನ, ಅಂಚಿಗೆ ಫೋಮ್ ಸರಿಯಾಗಿರೋ, ಮಡಿಕೆ ಒಂದೇ ಸಮ ಇರೋ ಸಾಧಾರಣ ಫಿಲ್ಟರ್, ಸಡಿಲ ಕೂರೋ ದುಬಾರಿ ಫಿಲ್ಟರ್‌ಗಿಂತ ಎಷ್ಟೋ ವಾಸಿ.

ಹೊಸದು ಹಾಕೋ ಮುಂಚೆ ಫಿಲ್ಟರ್ ಕೂರೋ ಗೂಡನ್ನ, ಇಲಿ ಹಿಕ್ಕೆ ಇಲ್ದಿದ್ರೆ, ವ್ಯಾಕ್ಯೂಮ್‌ನಲ್ಲಿ ಇಲ್ಲಾ ಸ್ವಲ್ಪ ಒದ್ದೆ ಬಟ್ಟೇಲಿ ಒರೆಸ್ಕೊಳ್ಳಿ. ಬಾಣದ ಪಕ್ಕ ಏರ್ ಫ್ಲೋ ಅಂತ ಬರೆದಿದ್ರೆ ಅದು ಗಾಳಿ ಹರಿಯೋ ದಿಕ್ಕು, ಅಪ್ ಅಂತ ಬರೆದಿದ್ರೆ ಮೇಲಿರಬೇಕಾದ ಕಡೆ, ಎರಡೂ ಒಂದೇ ಅಂದ್ಕೊಂಡ್ರೆ ಉಲ್ಟಾ ಆಗತ್ತೆ. ಗ್ಲವ್ ಬಾಕ್ಸ್ ಹಿಂದಿನ ಫಿಲ್ಟರ್‌ಗಳು ಸುಮಾರು ಗಾಡಿಲಿ ಬ್ಲೋವರ್ ಮೇಲೆ ಮಲಗಿರತ್ತೆ, ಅಲ್ಲಿ ಗಾಳಿ ಮೇಲಿಂದ ಕೆಳಗೆ, ಬಾಣ ಕೆಳಮುಖ. ನಿಂತಿರೋ ಫಿಲ್ಟರ್ ಆದ್ರೆ ಗಾಳಿ ಅಡ್ಡಕ್ಕೆ ಹೋಗತ್ತೆ. ಡೌಟ್ ಇದ್ರೆ ಹಳೇ ಫಿಲ್ಟರ್ ನೋಡಿ, ಗಲೀಜಾಗಿರೋ ಮುಖ ಗಾಳಿ ಬರೋ ಕಡೇದು, ಹಳೇದನ್ನ ಹಾಕಿದೋರು ಬಾಣ ತಪ್ಪಾಗಿ ಇಟ್ಟಿದ್ರೂ ಧೂಳು ಸುಳ್ಳು ಹೇಳಲ್ಲ. ದಿಕ್ಕು ಯಾಕೆ ಮುಖ್ಯ ಅಂದ್ರೆ ಪದರಗಳು ಒಂದಾದ ಮೇಲೊಂದು ಲೆಕ್ಕಾಚಾರದಲ್ಲಿ ಇರತ್ತೆ, ದಪ್ಪ ಧೂಳು ಮೊದಲ ಪದರದಲ್ಲಿ, ಸಣ್ಣದು ಮುಂದಿನದರಲ್ಲಿ ನಿಲ್ಲಬೇಕು. ತಳ್ಳುವಾಗ ಕೊನೇಲಿ ಸಿಕ್ಕಿಕೊಂಡ್ರೆ ಒತ್ಬೇಡಿ, ಈಚೆ ತೆಗೆದು ಅಂಚು ಸರಿ ಮಾಡಿ ಮತ್ತೆ ಹಾಕಿ, ಮುಚ್ಚಳದ ಲಾಕ್ ಎರಡೂ ಕಡೆ ಕ್ಲಿಕ್ ಅನ್ನಬೇಕು. ಅಂಚಿನ ಮೇಲೆ ಮಾರ್ಕರ್‌ನಲ್ಲಿ ತಾರೀಖು, ಕಿಮೀ ಬರೆದು ಹಾಕಿ. ಮ್ಯಾನುಯಲ್‌ಗಳಲ್ಲಿ ಸಾಮಾನ್ಯವಾಗಿ 15,000 ದಿಂದ 25,000 ಕಿಮೀ ಇಲ್ಲಾ ವರ್ಷಕ್ಕೊಂದ್ಸಲ ಅಂತ ಇರತ್ತೆ, ಧೂಳಿನ ರಸ್ತೇಲಿ ಓಡಿಸೋರು ಅದರ ಅರ್ಧಕ್ಕೇ ಒಂದ್ಸಲ ತೆಗೆದು ನೋಡಿ.

ಹೊಸ ಫಿಲ್ಟರ್ ಹಾಕಿದ್ರೂ ಮುಗ್ಗಲು ವಾಸನೆ ಬರ್ತಿದ್ರೆ ಅದು ಕೂಲಿಂಗ್ ಕಾಯಿಲ್‌ದು. ಎಸಿ ಓಡುವಾಗ ಕಾಯಿಲ್ ಒದ್ದೆ ಇರತ್ತೆ, ಅದೇ ಒದ್ದೇಲಿ ಗಾಡಿ ನಿಂತ್ರೆ ಫಂಗಸ್ ಬೆಳೆಯತ್ತೆ. ಊರು ಸೇರೋಕೆ ಕೆಲವು ನಿಮಿಷ ಮುಂಚೆ ಎಸಿ ಬಟನ್ ಆಫ್ ಮಾಡಿ ಫ್ಯಾನ್ ಮಾತ್ರ ಓಡಿಸಿದ್ರೆ ಒಣಗತ್ತೆ. ಆಗಲೇ ಬೆಳೆದುಬಿಟ್ಟಿದ್ರೆ ಕಾಯಿಲ್ ಕ್ಲೀನಿಂಗ್ ಮಾಡಿಸ್ಲೇಬೇಕು, ಪರ್ಫ್ಯೂಮ್ ತೂಗುಹಾಕಿದ್ರೆ ಎರಡು ವಾಸನೆ ಆಗತ್ತೆ ಅಷ್ಟೇ.

ಗಾಳಿ ಕಮ್ಮಿ ಅಂತಾನೇ ಶುರು ಮಾಡಿದ್ರೆ ಹಳೇ ಫಿಲ್ಟರ್ ತೆಗೆದು ಹೊಸದು ಹಾಕೋ ಮಧ್ಯೆ ಒಂದು ಟೆಸ್ಟ್ ಮಾಡಿ. ಗೂಡು ಒರೆಸಿ, ಒಳಗೆ ಏನೂ ಬಿದ್ದಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಬಿಚ್ಚಿದ ಜಾಗದಲ್ಲಿ ಪೇಪರ್ ಬಟ್ಟೆ ಏನೂ ಇಲ್ಲದ ಹಾಗೆ ನೋಡ್ಕೊಂಡು, ಫಿಲ್ಟರ್ ಇಲ್ದೆ ಮುಚ್ಚಳ ಮಾತ್ರ ಹಾಕಿ ಫ್ಯಾನ್ ಸ್ವಲ್ಪ ಹೊತ್ತು ಜೋರಾಗಿ ಓಡಿಸಿ, ಕೈ ಇಟ್ಟು ನೋಡಿ. ಗಾಳಿ ಜೋರಾಗಿ ನುಗ್ಗಿ ಬಂದ್ರೆ ತಪ್ಪು ಫಿಲ್ಟರ್‌ದೇ, ಹೊಸದು ಹಾಕಿ ಕೆಲಸ ಮುಗಿಸಿ. ಏನೂ ವ್ಯತ್ಯಾಸ ಇಲ್ಲ ಅಂದ್ರೆ ಕಾಯಿಲ್ ಕಟ್ಕೊಂಡಿದೆ ಇಲ್ಲಾ ಬ್ಲೋವರ್ ವೀಕ್ ಆಗಿದೆ. ಆಗ ವರ್ಕ್‌ಶಾಪ್‌ಗೆ ಬಂದು "ಫಿಲ್ಟರ್ ತೆಗೆದು ನೋಡಿದ್ರೂ ಗಾಳಿ ಅಷ್ಟೇ ಇದೆ, ಬರೋ ಗಾಳಿ ತಣ್ಣಗಿದೆ" ಅಂತ ಹೇಳಿ. ಇಷ್ಟು ಹೇಳಿದ್ರೆ ನಾವು ಗ್ಯಾಸ್ ಗೇಜ್ ಹುಡುಕೋಕೆ ಹೋಗದೆ ನೇರ ಬ್ಲೋವರ್ ಕಡೆ ಕೈ ಹಾಕ್ತೀವಿ.