ನೊಣ ಮಲಗಿಸುವ ಕೆಲಸ

ಮಗ ಅಮೆರಿಕದಲ್ಲಿ ಏನು ಮಾಡ್ತಾನೆ ಅಂತ ಊರಲ್ಲಿ ಯಾರೇ ಕೇಳಲಿ, ಅಪ್ಪನ ಉತ್ತರ ಒಂದೇ: "ನೊಣ ಹೊಡೀತಾನೆ." ನಿಜ ಹೇಳಬೇಕೆಂದರೆ ನಾನು ಹೊಡೆಯುವುದಿಲ್ಲ. ಮಲಗಿಸುತ್ತೇನೆ, ಎಬ್ಬಿಸುತ್ತೇನೆ, ಎಷ್ಟು ಹೊತ್ತು ಮಲಗಿದವು ಅಂತ ಲೆಕ್ಕ ಇಡುತ್ತೇನೆ. ನನ್ನ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಮುಗಿದ ಮೇಲಿನ ಸಂಶೋಧನೆ ಕೆಲಸ, ಹೆಚ್ಚುಕಡಿಮೆ ಇಷ್ಟೇ.

ಇವು ಮಾಗಿದ ಬಾಳೆಹಣ್ಣಿಗೆ ಮುತ್ತುವ ಚಿಕ್ಕ ನೊಣಗಳು. ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಮಾಡುವಾಗಲೇ ಗಂಟುಬಿದ್ದವು. ಈಗ ಬಾಸ್ಟನ್ ಪಕ್ಕದ ವಾಲ್ಥಮ್‌ನಲ್ಲಿದ್ದೇನೆ. ಹಗಲು-ರಾತ್ರಿಯ ಲೆಕ್ಕ ಇಡುವ ನೊಣದ ಒಳಗಡಿಯಾರವನ್ನು ನಡೆಸುವ ಜೀನ್ ಹಿಡಿದು 2017ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಹಾಲ್, ರಾಸ್‌ಬ್ಯಾಶ್ ಇಬ್ಬರೂ ಕೆಲಸ ಮಾಡಿದ್ದು ಇದೇ ಊರಿನಲ್ಲಿ.

ಒಂದೊಂದು ನೊಣಕ್ಕೂ ಪೆನ್ನಿನ ರೀಫಿಲ್‌ಗಿಂತ ಸ್ವಲ್ಪ ದಪ್ಪದ ಒಂದು ಗಾಜಿನ ಕೊಳವೆ. ಒಂದು ತುದಿಗೆ ಸಕ್ಕರೆ ಬೆರೆಸಿದ ಅಗರ್ ಅನ್ನುವ ಜೆಲ್ಲಿ, ಇನ್ನೊಂದಕ್ಕೆ ಹತ್ತಿ. ನಡುವೆ ಇನ್‌ಫ್ರಾರೆಡ್ ಕಿರಣ. ನೊಣ ಅದನ್ನು ದಾಟಿದಾಗಲೆಲ್ಲ ಕಂಪ್ಯೂಟರ್ ಎಣಿಸುತ್ತದೆ. 5 ನಿಮಿಷ ಅಲ್ಲಾಡದಿದ್ದರೆ ನಿದ್ದೆ ಅಂತ ಲೆಕ್ಕ. ಸುಮ್ನೆ ಕೂತಿರಬಹುದಲ್ವಾ? ನನಗೂ ಮೊದಲು ಅದೇ ಅನುಮಾನ. ಆದರೆ ರಾತ್ರಿಯಿಡೀ ಅಲುಗಾಡಿಸಿ ನಿದ್ದೆ ಕೆಡಿಸಿದರೆ ಮರುದಿನ ಜಾಸ್ತಿ ಮಲಗುತ್ತವೆ, ಕೆಫೀನ್ ಕೊಟ್ಟರೆ ಎಚ್ಚರವಾಗಿರುತ್ತವೆ. 2000ದಲ್ಲಿ ಇದನ್ನು ತೋರಿಸಿದ ಮೇಲೇ ಜನ ನಂಬಿದ್ದು. ಶೇಕರ್ ಅನ್ನುವ ಜೀನ್ ಕೆಟ್ಟ ಕೆಲವು ನೊಣಗಳಂತೂ ಉಳಿದವುಗಳ ಮೂರನೇ ಒಂದು ಪಾಲು ಮಲಗುತ್ತವೆ, ಅಷ್ಟೇ. ಎಚ್ಚರ ತಪ್ಪಿಸಲು ಈಥರ್ ಕೊಟ್ಟಾಗ ಕಾಲು ನಡುಗುತ್ತವೆ ಅಂತ ಆ ಹೆಸರು. ಪಾಪ, ಆಯಸ್ಸೂ ಕಮ್ಮಿ.

ಇಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಕೊಳವೆಗಳನ್ನಿಟ್ಟ ಪೆಟ್ಟಿಗೆಯಲ್ಲಿ ನೊಣಗಳಿಗೆ ಹಗಲು-ರಾತ್ರಿ ಮಾಡುವ ದೀಪವಿದೆ, ಅದರ ಟೈಮರನ್ನು ಮಾತ್ರ ನಾವು ಮುಟ್ಟುವುದಿಲ್ಲ. ಬೇಸಿಗೆಯಲ್ಲಿ 9ಕ್ಕೆ ಆರುತ್ತಿದ್ದ ದೀಪ ಆಮೇಲೆ 8ಕ್ಕೆ ಆರುತ್ತದೆ. ನಮ್ಮಮ್ಮನೂ ಹಾಗೇ. ಬೆಳಿಗ್ಗೆ 6:30ಕ್ಕೆ ಕಾಫಿ ಲೋಟ ಹಿಡಿದು ಫೋನ್ ಮಾಡುತ್ತಾಳೆ. ಬೇಸಿಗೆಯಲ್ಲಿ ಅದು ನನಗೆ ರಾತ್ರಿ 9, ಚಳಿಗಾಲದಲ್ಲಿ 8. ಅಂದರೆ ಅಮ್ಮನ ಕಾಫಿಗೂ ನೊಣಗಳ ರಾತ್ರಿಗೂ ಒಂದು ನಿಮಿಷ ಹೆಚ್ಚುಕಡಿಮೆ ಇಲ್ಲ. ನಡುವೆ ಅತ್ತಿತ್ತ ಆಗುವವನು ನಾನೊಬ್ಬನೇ.

ಹೋದ ಚಳಿಗಾಲ ಇದು ತಲೆಗೆ ಹೊಳೆದಿರಲಿಲ್ಲ. ಕೊಳವೆಯೊಂದು ಸಡಿಲವಾಗಿದೆ ಅಂತ ದೀಪ ಆರಿದ ತಕ್ಷಣ ಪೆಟ್ಟಿಗೆ ತೆರೆದೆ. ಕೋಣೆಯಲ್ಲಿ ಕೆಂಪು ದೀಪ ಮಾತ್ರ, ಅದು ನೊಣಗಳಿಗೆ ಸರಿಯಾಗಿ ಕಾಣುವುದಿಲ್ಲ. ಅಷ್ಟರಲ್ಲಿ ಕೈಯಲ್ಲಿದ್ದ ಫೋನ್ ಝಗ್ ಅಂತ ಬೆಳಗಿತು. ಅಮ್ಮ! ರಾತ್ರಿಯ ಆರಂಭದಲ್ಲಿ ಬೆಳಕು ಬಿದ್ದರೆ ಅವುಗಳ ಒಳಗಡಿಯಾರ ಹಿಂದೆ ಬೀಳಬಹುದು. ನಾಲ್ಕು ದಿನದ ಡೇಟಾ ನಂಬುವ ಹಾಗಿರಲಿಲ್ಲ. ಎಸೆದೆ.

ಹೇಳಿದ್ದಕ್ಕೆ ಅಮ್ಮ, "ನೊಣ ತಾನೇ, ಮತ್ತೆ ಮಲಗ್ತಾವೆ ಬಿಡು" ಅಂದಳು.

ಈಗ ಫೋನನ್ನು ಹೊರಗಿನ ಮೇಜಿನ ಮೇಲೆ ಬಿಟ್ಟೇ ಒಳಗೆ ಹೋಗುತ್ತೇನೆ. ಅದು ಅಲ್ಲಿ ಗುರ್ ಅಂದಾಗ ಪೆಟ್ಟಿಗೆಯ ದೀಪ ಆರಿತು ಅಂತ ಗೊತ್ತಾಗುತ್ತದೆ, ಗಡಿಯಾರ ನೋಡಬೇಕಾಗಿಲ್ಲ.