ಡಿಸರ್ಟೇಶನ್‌ಗೆ ಟಾಪಿಕ್ ಹುಡುಕುತ್ತಿರುವ ಲೈಬ್ರರಿ ಸೈನ್ಸ್ ವಿದ್ಯಾರ್ಥಿಗಳಿಗೆ

"ಲೈಬ್ರರಿ ಸೈನ್ಸ್ ಮಾಡ್ತಿದ್ದೇನೆ, ಒಂದು ಒಳ್ಳೆ ಟಾಪಿಕ್ ಹೇಳಿ" ಅಂತ ಕೇಳುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಒಬ್ಬೊಬ್ಬರಿಗೂ ಅದದೇ ಮಾತು ಹೇಳುವ ಬದಲು ಇಲ್ಲೇ ಒಟ್ಟಿಗೆ ಬರೆದುಬಿಡುತ್ತೇನೆ. ಪಟ್ಟಿ ಸಿಗುತ್ತದೆ ಅಂದುಕೊಂಡು ಬಂದಿದ್ದರೆ ಬೇಜಾರಾಗಬಹುದು. ಟಾಪಿಕ್‌ಗಳ ಪಟ್ಟಿಗಳು ನೆಟ್‌ನಲ್ಲಿ ಬೇಕಾದಷ್ಟಿವೆ, ಅವನ್ನು ನೋಡಿಯೇ ನೀವು ಇಷ್ಟು ಗೊಂದಲದಲ್ಲಿರುವುದು ಅಲ್ವಾ?

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. "ವಿದ್ಯಾರ್ಥಿಗಳಲ್ಲಿ ಇ-ಸಂಪನ್ಮೂಲಗಳ ಅರಿವು ಮತ್ತು ಬಳಕೆ: ಒಂದು ಅಧ್ಯಯನ" ಅನ್ನುವುದನ್ನು ದಯವಿಟ್ಟು ಮುಟ್ಟಬೇಡಿ. ಕಾಲೇಜಿನ ಹೆಸರು ಬದಲಾಯಿಸುತ್ತಾ ಬರುವ ಈ ಪ್ರಬಂಧದಲ್ಲಿ ಒಳಗಿನದೆಲ್ಲ ಒಂದೇ. ಒಂದು ಪ್ರಶ್ನಾವಳಿ, ಪ್ರತಿ ಪ್ರಶ್ನೆಗೂ ಐದು ಆಯ್ಕೆ, ಪುಟಕ್ಕೊಂದು ಪೈ ಚಾರ್ಟ್, ಕೊನೆಗೆ "ಅರಿವು ಹೆಚ್ಚಿಸಬೇಕು, ಬಳಕೆದಾರರಿಗೆ ತರಬೇತಿ ಕೊಡಬೇಕು" ಅನ್ನುವ ಸಲಹೆ. ಆ ಸಲಹೆಯನ್ನು ಒಬ್ಬರನ್ನೂ ಕೇಳದೆ ಮೊದಲ ದಿನವೇ ಬರೆಯಬಹುದಿತ್ತು. ಯಾವ ಟಾಪಿಕ್ ತಂದರೂ ನಾನು ನೋಡುವುದು ಇದನ್ನೇ. ಕೊನೆಯ ಅಧ್ಯಾಯ ಈಗಲೇ ಬರೆಯಲು ಬಂದರೆ ಆ ಟಾಪಿಕ್ ಬಿಟ್ಟುಬಿಡಿ. ಉತ್ತರ ಹೀಗೂ ಆಗಬಹುದು, ಹಾಗೂ ಆಗಬಹುದು ಅನ್ನುವ ಅನುಮಾನ ನಿಮಗೇ ಇರಬೇಕು, ಆಗ ಮಾತ್ರ ಆರು ತಿಂಗಳು ಕೂತು ಕೆಲಸ ಮಾಡಲು ಮನಸ್ಸು ಬರುತ್ತದೆ.

ಪ್ರಶ್ನಾವಳಿಯ ಮೇಲೆ ನನಗೆ ದ್ವೇಷವೇನೂ ಇಲ್ಲ. ಆದರೆ "ವಾರಕ್ಕೆ ಎಷ್ಟು ಸಲ ಡೇಟಾಬೇಸ್ ಬಳಸುತ್ತೀರಿ?" ಅಂತ ಕೇಳಿದರೆ ಯಾರಿಗೆ ನೆನಪಿರುತ್ತದೆ? ಪಕ್ಕದಲ್ಲಿ ನಿಂತಿರುವ ನಿಮ್ಮ ಮುಖ ನೋಡಿ ಪಾಪ ಅನಿಸಿ "ಆಗಾಗ" ಅನ್ನುವುದಕ್ಕೆ ಟಿಕ್ ಹಾಕಿ ಹೋಗುತ್ತಾರೆ. ಕೇಳುವ ರೀತಿ ಬದಲಾದರೆ ಸಿಗುವುದೂ ಬದಲಾಗುತ್ತದೆ. ಅಮೆರಿಕದ ಲೈಬ್ರರಿ ಸಂಶೋಧಕಿ ಕಾನ್‌ಸ್ಟನ್ಸ್ ಮೆಲನ್ 1986ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಅವರು ಟಿಕ್ ಹಾಕಿಸಲಿಲ್ಲ. ಲೈಬ್ರರಿಯಲ್ಲಿ ಹುಡುಕಾಡುವಾಗ ಏನಾಯಿತು, ಏನನ್ನಿಸಿತು ಅಂತ ವಿದ್ಯಾರ್ಥಿಗಳಿಂದ ಅವರದೇ ಮಾತಿನಲ್ಲಿ ಬರೆಸಿದರು. ಎರಡು ವರ್ಷದಲ್ಲಿ ಸುಮಾರು 6,000 ವಿದ್ಯಾರ್ಥಿಗಳ ಬರಹ ಸೇರಿತು. ಅದರಲ್ಲಿ ಶೇ. 75ರಿಂದ 85ರಷ್ಟು ಮಂದಿ ಲೈಬ್ರರಿಯ ಮೊದಲ ಅನುಭವವನ್ನು ಭಯದ ಮಾತುಗಳಲ್ಲೇ ವಿವರಿಸಿದ್ದರು. ಎಲ್ಲಿ ಶುರು ಮಾಡಬೇಕೋ ಗೊತ್ತಿಲ್ಲ, ಬೇರೆಯವರಿಗೆಲ್ಲ ಗೊತ್ತು, ಕೇಳಿದರೆ ನನಗೇ ಅವಮಾನ, ಈ ಥರ. 'ಲೈಬ್ರರಿ ಆತಂಕ' ಅನ್ನುವ ವಿಷಯ ನಮ್ಮ ಸಿಲಬಸ್‌ಗೆ ಬಂದದ್ದು ಅಲ್ಲಿಂದ. "ನೀವು ಲೈಬ್ರರಿಗೆ ಹೆದರುತ್ತೀರಾ? ಹೌದು/ಇಲ್ಲ" ಅಂತ ಕೇಳಿದ್ದರೆ ಎಲ್ಲರೂ ಇಲ್ಲ ಅಂತಲೇ ಹೇಳಿರುತ್ತಿದ್ದರು ಅನ್ನುವುದು ನನ್ನ ಅನುಮಾನ.

ನಾನು ಹೇಳಬೇಕೆಂದಿರುವುದು ಇಷ್ಟು. ಲೈಬ್ರರಿಯಲ್ಲಿ ಜನ ಏನು ಮಾಡಿದರು ಅನ್ನುವುದರ ಗುರುತು ಎಲ್ಲೆಲ್ಲೂ ಉಳಿದಿರುತ್ತದೆ. ಅವರು ಏನು ಹೇಳುತ್ತಾರೆ ಅನ್ನುವುದಕ್ಕಿಂತ ಆ ಗುರುತುಗಳ ಹಿಂದೆ ಹೋಗಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಗುರುತು ಕ್ಯಾಟಲಾಗ್‌ನ ಸರ್ಚ್ ಲಾಗ್. ಅದರಲ್ಲೂ ಸೊನ್ನೆ ಫಲಿತಾಂಶ ಬಂದ ಹುಡುಕಾಟಗಳು. ನೋಡಲು ಏನೂ ಇಲ್ಲ. ಒಂದು ಸಾಲಿಗೆ ಒಂದು ಹುಡುಕಾಟ, ಸಮಯ, ಟೈಪ್ ಮಾಡಿದ ಪದಗಳು, ಕೊನೆಗೆ ಒಂದು 0. ಸುಮ್ನೆ ಒಂದು ವಾರದ ಸಾಲುಗಳನ್ನು ತೆಗೆದು ಕೈಯಿಂದಲೇ ಓದುತ್ತಾ ಹೋಗಿ. ಶೀರ್ಷಿಕೆಯ ಬಾಕ್ಸ್‌ನಲ್ಲಿ ಲೇಖಕರ ಹೆಸರನ್ನೂ ಸೇರಿಸಿ ಹಾಕಿದವರು ಸಿಗುತ್ತಾರೆ. ಅಸೈನ್‌ಮೆಂಟ್ ಪ್ರಶ್ನೆಯನ್ನು ಪ್ರಶ್ನಾರ್ಥಕ ಚಿಹ್ನೆ ಸಮೇತ ಪೂರ್ತಿ ಪೇಸ್ಟ್ ಮಾಡಿದವರು ಸಿಗುತ್ತಾರೆ. ಒಂದಕ್ಷರ ತಪ್ಪಾದದ್ದು, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ನಡುವೆ ಜಾಗ ಬಿಟ್ಟದ್ದು, ಪುಸ್ತಕ ಶೆಲ್ಫಿನಲ್ಲೇ ಇದ್ದರೂ ಕ್ಯಾಟಲಾಗ್ ಮಾಡಿದವರು ಬೇರೆ ಪದ ಕೊಟ್ಟದ್ದರಿಂದ ಸಿಗದೇ ಹೋದದ್ದು, ಎಲ್ಲವೂ ಅಲ್ಲಿ ಇರುತ್ತದೆ. ಸಮಯದ ಕಾಲಂ ನೋಡಿದರೆ ಇನ್ನೂ ಚೆನ್ನಾಗಿರುತ್ತದೆ. ಒಂದೇ ಪುಸ್ತಕಕ್ಕೆ ಒಂದೇ ನಿಮಿಷದಲ್ಲಿ ಮೂರು ಥರ ಟೈಪ್ ಮಾಡಿ, ಮೂರು ಸಲವೂ ಸೊನ್ನೆ ಬಂದು, ಆಮೇಲೆ ಆ ಕಡೆಯಿಂದ ಸದ್ದೇ ಇಲ್ಲ. ಆ ಮನುಷ್ಯ ಎದ್ದು ಹೋದ. ಅವನಿಗೆ ನೀವು ಪ್ರಶ್ನಾವಳಿ ಕೊಡಲು ಆಗುವುದೇ ಇಲ್ಲ, ಯಾಕೆಂದರೆ ಅವನು ಅಲ್ಲಿ ಇಲ್ಲವಲ್ಲ!

ಇದರಿಂದ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ. ಸೊನ್ನೆ ಬಂದವುಗಳಲ್ಲಿ ಎಷ್ಟು ನಿಜವಾಗಿಯೂ ನಮ್ಮಲ್ಲಿ ಇಲ್ಲದ ಪುಸ್ತಕ, ಎಷ್ಟು ಇದ್ದೂ ಸಿಗದ ಪುಸ್ತಕ? ಸಿಗದಿರಲು ಕಾರಣ ಹುಡುಕಿದವರ ಕಾಗುಣಿತವೋ, ನಮ್ಮ ಕ್ಯಾಟಲಾಗಿಂಗೋ? ಬೇರೆ ಬೇರೆ ಲಿಪಿಗಳ ಪುಸ್ತಕಗಳಿರುವ ಸಂಗ್ರಹವಾದರೆ ಇದು ಇನ್ನೂ ಗಟ್ಟಿ ವಿಷಯ. ಚೆಕೋವ್, ಚೆಕಾಫ್, ಚೇಖವ್ ಅಂತ ಒಬ್ಬನೇ ರಷ್ಯನ್ ಲೇಖಕನ ಹೆಸರನ್ನು ಹತ್ತು ಥರ ಬರೆಯುತ್ತಾರೆ, ರೋಮನ್ ಲಿಪಿಯಲ್ಲೂ ಹಾಗೇ. ಇಂಥ ಹೆಸರುಗಳನ್ನೆಲ್ಲ ಒಂದೇ ವ್ಯಕ್ತಿಗೆ ಕಟ್ಟುವುದಕ್ಕೆ ಅಥಾರಿಟಿ ಫೈಲ್ ಅಂತ ಇರುತ್ತದೆ. ಅದು ಇದ್ದ ಕಡೆ ಎಷ್ಟು ಹುಡುಕಾಟ ಬದುಕಿಕೊಳ್ಳುತ್ತವೆ, ಇಲ್ಲದ ಕಡೆ ಎಷ್ಟು ಸಾಯುತ್ತವೆ ಅನ್ನುವುದನ್ನು ಐವತ್ತು ಹೆಸರುಗಳನ್ನು ಇಟ್ಟುಕೊಂಡೇ ಪರೀಕ್ಷೆ ಮಾಡಬಹುದು. ಲಾಗ್ ಸಿಗದಿದ್ದರೂ ಇದು ನಡೆಯುತ್ತದೆ, ಹುಡುಕುವವರು ನೀವೇ ಆಗಿ.

ಕ್ಯಾಟಲಾಗ್‌ನ ಪದಗಳು, ಅಂಕಿಗಳೇ ಒಂದು ದೊಡ್ಡ ವಿಷಯ. ಪುಸ್ತಕಗಳಿಗೆ ವಿಷಯಕ್ಕೆ ತಕ್ಕಂತೆ ಅಂಕಿ ಕೊಡುವ ಡ್ಯೂಯಿ ವರ್ಗೀಕರಣ 1876ರದ್ದು. ಅದರ ಧರ್ಮದ ವಿಭಾಗದಲ್ಲಿ 220ರಿಂದ 280ರವರೆಗಿನ ಅಂಕಿಗಳೆಲ್ಲ ಕ್ರೈಸ್ತ ಧರ್ಮಕ್ಕೆ, ಉಳಿದ ಧರ್ಮಗಳೆಲ್ಲ 290ರ ಒಂದೇ ಗೂಡಿನೊಳಗೆ ಅಂತ ಕ್ಲಾಸಿನಲ್ಲಿ ಎಲ್ಲರೂ ಓದಿರುತ್ತೀರಿ, ಪರೀಕ್ಷೆಯಲ್ಲಿ ಬರೆದಿರುತ್ತೀರಿ. ಓದಿ ಬಿಡಬೇಡಿ. ನಿಮ್ಮ ಲೈಬ್ರರಿಯ 290ರ ಶೆಲ್ಫಿನ ಮುಂದೆ ನಿಂತು ಅಂಕಿಗಳು ಎಷ್ಟು ಉದ್ದವಾಗಿವೆ, ದಶಮಾಂಶದ ನಂತರ ಎಷ್ಟು ಸ್ಥಾನ ಹೋಗಿದೆ, ಬೆನ್ನಿನ ಲೇಬಲ್‌ನಲ್ಲಿ ಅದು ಹಿಡಿಸಿದೆಯೋ ಇಲ್ಲವೋ ನೋಡಿ. ಶೆಲ್ಫಿಗೆ ಪುಸ್ತಕ ವಾಪಸ್ ಇಡುವವರು ಅಲ್ಲಿ ಜಾಸ್ತಿ ತಪ್ಪು ಮಾಡುತ್ತಾರಾ? ಗೊತ್ತಿಲ್ಲ ಅಲ್ವಾ? ಹಾಗಾದರೆ ಅದು ಟಾಪಿಕ್ ಆಯಿತು.

ಇದೆಲ್ಲ ವಿದ್ಯಾರ್ಥಿಗಳ ಕೈಯಲ್ಲಿ ಆಗುವ ಕೆಲಸವಾ ಅನ್ನುವವರಿಗೆ ಒಂದು ನಿಜ ಕಥೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ವಿಷಯ ಶೀರ್ಷಿಕೆಗಳಲ್ಲಿ, ಅಂದರೆ ಪುಸ್ತಕ ಯಾವುದರ ಬಗ್ಗೆ ಅಂತ ಹೇಳಲು ಬೇರೆ ಲೈಬ್ರರಿಗಳೂ ಬಳಸುವ ನಿಗದಿತ ಪದಗಳಲ್ಲಿ, ದಾಖಲೆ ಇಲ್ಲದ ವಲಸಿಗರನ್ನು 'ಇಲ್ಲೀಗಲ್ ಏಲಿಯನ್ಸ್' ಅಂತ ಕರೆಯುತ್ತಿದ್ದರು. 2014ರಲ್ಲಿ ಡಾರ್ಟ್ಮತ್ ಕಾಲೇಜಿನ ವಿದ್ಯಾರ್ಥಿಗಳು ಇದನ್ನು ಪ್ರಶ್ನಿಸಿ, ಬದಲಾಯಿಸಿ ಅಂತ ಕೇಳಿದರು. 2016ರಲ್ಲಿ ಬದಲಾಯಿಸುತ್ತೇವೆ ಅಂತ ಘೋಷಣೆಯೂ ಆಯಿತು, ಆದರೆ ಸಂಸತ್ತಿನ ಕೆಲವರು ಅಡ್ಡ ಬಂದರು. ಒಂದು ಕ್ಯಾಟಲಾಗ್ ಪದಕ್ಕೆ ಸಂಸತ್ತು! ಕೊನೆಗೆ 2021ರ ನವೆಂಬರ್‌ನಲ್ಲಿ ಆ ಶೀರ್ಷಿಕೆ ಹೋಗಿ 'ನಾನ್‌ಸಿಟಿಜನ್ಸ್', 'ಇಲ್ಲೀಗಲ್ ಇಮಿಗ್ರೇಶನ್' ಅನ್ನುವ ಎರಡು ಬಂದವು. ಅಲ್ಲಿ ನಿಂತಿಲ್ಲ ಇದು. ಮೇಲೆ ಬದಲಾದದ್ದು ಕೆಳಗಿನ ಸಾವಿರಾರು ಲೈಬ್ರರಿಗಳ ಕ್ಯಾಟಲಾಗ್‌ಗೆ ಯಾವಾಗ ಇಳಿಯಿತು, ಎಲ್ಲಿ ಇನ್ನೂ ಹಳೆಯದೇ ಇದೆ ಅನ್ನುವುದನ್ನು ಕುರ್ಚಿ ಬಿಟ್ಟು ಏಳದೆ ನೋಡಬಹುದು, ಹೆಚ್ಚಿನ ಕ್ಯಾಟಲಾಗ್‌ಗಳು ಎಲ್ಲರಿಗೂ ತೆರೆದೇ ಇರುತ್ತವೆ.

ಇನ್ನು ಬಳಕೆಯ ಲೆಕ್ಕ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಅಧ್ಯಯನ 1979ರಲ್ಲಿ ಬಂದಾಗ ದೊಡ್ಡ ಗಲಾಟೆಯಾಯಿತು. 1969ರಲ್ಲಿ ಸೇರಿಸಿದ ಪುಸ್ತಕಗಳಲ್ಲಿ ಸುಮಾರು ಶೇ. 40ರಷ್ಟು ಮೊದಲ 6 ವರ್ಷದಲ್ಲಿ ಒಂದು ಸಲವೂ ಹೊರಗೆ ಹೋಗಿರಲಿಲ್ಲ ಅಂತ ಅದು ಹೇಳಿತು. ಹಾಗಾದರೆ ಕೊಂಡಿದ್ದೇಕೆ ಅಂತ ಒಂದು ಕಡೆಯವರು, ಲೈಬ್ರರಿಯೊಳಗೇ ಕೂತು ಓದಿದ್ದನ್ನು ಸರಿಯಾಗಿ ಲೆಕ್ಕ ಹಿಡಿದಿಲ್ಲ ಅಂತ ಇನ್ನೊಂದು ಕಡೆಯವರು. ಎರಡನೆಯವರ ಮಾತಿನಲ್ಲಿ ಇನ್ನೂ ಕೆಲಸ ಬಾಕಿ ಇದೆ. ಸಂಜೆ ಮೇಜಿನ ಮೇಲೆ ಬಿಟ್ಟು ಹೋದ ಪುಸ್ತಕಗಳನ್ನು ಶೆಲ್ಫಿಗೆ ಸೇರಿಸುವ ಮೊದಲು ಬಾರ್‌ಕೋಡ್ ಸ್ಕ್ಯಾನ್ ಮಾಡಿ ಬರೆದಿಟ್ಟುಕೊಳ್ಳಿ. ಒಂದು ಸೆಮಿಸ್ಟರ್ ಆದ ಮೇಲೆ ಎರವಲು ದಾಖಲೆಯ ಜೊತೆ ಹೋಲಿಸಿ. ಯಾರೂ ಮನೆಗೆ ಒಯ್ಯದ, ಆದರೆ ದಿನಾ ಮೇಜಿನ ಮೇಲೆ ಬಂದು ಕೂರುವ ಪುಸ್ತಕಗಳು ಯಾವುವು? ಯಾರೂ ಕೇಳುವುದಿಲ್ಲ ಅಂತ ಸಂಗ್ರಹದಿಂದ ತೆಗೆದುಹಾಕುವ ಪಟ್ಟಿಗೆ ಅವೇ ಮೊದಲು ಬೀಳುತ್ತವೆ.

ಬಿಬ್ಲಿಯೊಮೆಟ್ರಿಕ್ಸ್, ಅಂದರೆ ಲೇಖನ, ಲೇಖಕರು, ಉಲ್ಲೇಖಗಳನ್ನು ಎಣಿಸಿ ನೋಡುವ ವಿದ್ಯೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡೇಟಾ ಇಳಿಸಿ ಸಾಫ್ಟ್‌ವೇರ್‌ಗೆ ಹಾಕಿದರೆ ಬಣ್ಣಬಣ್ಣದ ಗುಳ್ಳೆಗಳ ನಕ್ಷೆ ಬರುತ್ತದೆ, ಗುಳ್ಳೆ ದೊಡ್ಡದಿದ್ದರೆ ದೊಡ್ಡದಿದೆ ಅಂತ ಬರೆಯುತ್ತೀರಿ, ಮುಗಿಯಿತು. ಲೋಟ್ಕಾ ನಿಯಮ (ಬಹಳ ಲೇಖನ ಬರೆಯುವವರು ಕೆಲವೇ ಮಂದಿ, ಹೆಚ್ಚಿನವರದು ಒಂದೋ ಎರಡೋ ಅನ್ನುವುದು) ಈ ವಿಷಯಕ್ಕೂ ಹೊಂದುತ್ತದಾ ಅಂತ ನೋಡಿದವರು ಈಗಾಗಲೇ ಲೆಕ್ಕವಿಲ್ಲದಷ್ಟು ಜನ. ಆದರೆ 1926ರಲ್ಲಿ ಲೋಟ್ಕಾ ಏನು ಮಾಡಿದ್ದ ಅನ್ನುವುದು ಕಲಿಯುವಂಥದ್ದು. ರಸಾಯನಶಾಸ್ತ್ರದ ಲೇಖನಗಳ ಸಾರಾಂಶ ಕೊಡುವ ಕೆಮಿಕಲ್ ಆಬ್‌ಸ್ಟ್ರಾಕ್ಟ್ಸ್‌ನ 1907ರಿಂದ 1916ರವರೆಗಿನ ಸೂಚಿಯಲ್ಲಿ ಎ ಮತ್ತು ಬಿ ಅಕ್ಷರದಿಂದ ಶುರುವಾಗುವ ಲೇಖಕರನ್ನು ಮಾತ್ರ ಎಣಿಸಿದ. ಕೈಯಿಂದ. ಡೇಟಾ ಚಿಕ್ಕದು ಅಂತ ಹೆದರುವವರು ಇದನ್ನು ನೆನಪಿಡಿ. ಈ ಕ್ಷೇತ್ರದಲ್ಲೇ ಮಾಡುತ್ತೇನೆ ಅನ್ನುವುದಾದರೆ ಡೇಟಾಬೇಸಿನಲ್ಲಿ ಇರುವುದನ್ನು ಬಿಟ್ಟು ಇಲ್ಲದ್ದನ್ನು ಎಣಿಸಿ. ಇಂಗ್ಲಿಷ್ ಅಲ್ಲದ ಭಾಷೆಯ ಒಂದು ಪತ್ರಿಕೆ ತೆಗೆದುಕೊಂಡು ಅದರ ಲೇಖನಗಳು ಸ್ಕೋಪಸ್ ಅನ್ನುವ ಡೇಟಾಬೇಸಿನಲ್ಲಿ ಎಷ್ಟು, 2022ರಲ್ಲಿ ಶುರುವಾದ ಉಚಿತ ಓಪನ್‌ಅಲೆಕ್ಸ್‌ನಲ್ಲಿ ಎಷ್ಟು, ಎರಡರಲ್ಲೂ ಇಲ್ಲದ್ದು ಎಷ್ಟು ಅಂತ ನೋಡಿ.

ಉಲ್ಲೇಖಗಳ ಪಟ್ಟಿಯೂ ಒಂದು ಗುರುತೇ, ಅದೂ ಪುಕ್ಕಟೆ ಸಿಗುವಂಥದ್ದು. ಹಳೆಯ ಡಿಸರ್ಟೇಶನ್‌ಗಳನ್ನು ತೆಗೆದು ಕೊನೆಯ ಪುಟಗಳ ಲಿಂಕ್‌ಗಳನ್ನು ಒಂದೊಂದಾಗಿ ಒತ್ತುತ್ತಾ ಹೋಗಿ. ಕೆಲವು ತೆರೆಯುತ್ತವೆ. ಕೆಲವು 404, ಅಂದರೆ ಪುಟವೇ ಇಲ್ಲ. ಕೆಲವು ತೆರೆಯುತ್ತವೆ, ಆದರೆ ವಿಷಯ ಬೇರೆ. ಪುಟ ಬದಲಾಗಿದೆ, ಅಥವಾ ಆ ವಿಳಾಸವನ್ನು ಯಾರೋ ಕೊಂಡು ಅಲ್ಲಿ ಜೂಜಿನ ಜಾಹೀರಾತು ಹಾಕಿದ್ದಾರೆ. ಯಂತ್ರದ ಲೆಕ್ಕಕ್ಕೆ ಈ ಮೂರನೆಯದು 'ಸರಿ ಇದೆ' ಅಂತಲೇ ಬರುತ್ತದೆ, ಹಾಗಾಗಿ ಮನುಷ್ಯರೇ ಓದಿ ನೋಡಬೇಕು, ವಿದ್ಯಾರ್ಥಿಗೆ ಜಾಗ ಇರುವುದೇ ಅಲ್ಲಿ. 2014ರ ಹಾರ್ವರ್ಡ್ ಅಧ್ಯಯನವೊಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪುಗಳಲ್ಲಿನ ಲಿಂಕ್‌ಗಳಲ್ಲಿ ಅರ್ಧದಷ್ಟು, ಹಾರ್ವರ್ಡ್ ಲಾ ರಿವ್ಯೂ ಮತ್ತು ಅಂಥ ಪತ್ರಿಕೆಗಳಲ್ಲಿನ ಲಿಂಕ್‌ಗಳಲ್ಲಿ ಶೇ. 70ಕ್ಕಿಂತ ಜಾಸ್ತಿ ಮೂಲ ಮಾಹಿತಿಗೆ ಕರೆದೊಯ್ಯುವುದಿಲ್ಲ ಅಂತ ತೋರಿಸಿತು. ತೀರ್ಪುಗಳದ್ದೇ ಆ ಗತಿ ಅಂದರೆ ನಿಮ್ಮ ವಿಭಾಗದ ಪ್ರಬಂಧಗಳದ್ದು ಏನಿರಬಹುದು?

ಹಿಂಪಡೆದ ಲೇಖನಗಳೂ, ಅಂದರೆ ಪ್ರಕಟವಾದ ಮೇಲೆ ಪತ್ರಿಕೆಯೇ ವಾಪಸ್ ತೆಗೆದುಕೊಂಡವೂ ಹೀಗೇ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ಲೇಖನವನ್ನು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ 2010ರಲ್ಲಿ ಹಿಂಪಡೆಯಿತು. ಆಮೇಲೂ ಅದನ್ನು ಉಲ್ಲೇಖಿಸುವವರಿದ್ದಾರೆ. ಎಷ್ಟು ಅನ್ನುವ ಸಂಖ್ಯೆ ಮಾತ್ರ ಸಾಲದು. ಉಲ್ಲೇಖದ ಸುತ್ತಲಿನ ವಾಕ್ಯ ಓದಿ, ಅದು ತಪ್ಪು ಅಂತ ಹೇಳಲು ತಂದಿದ್ದಾರೋ, ಗೊತ್ತಿಲ್ಲದೆ ತಂದಿದ್ದಾರೋ ನೋಡಬೇಕು.

ಈಗ ಎಲ್ಲರೂ ಎಐ ಎಐ ಅನ್ನುತ್ತಿದ್ದಾರೆ, ನೀವೂ ಅದನ್ನೇ ಕೇಳುತ್ತೀರಿ ಅಂತ ಗೊತ್ತು. "ಲೈಬ್ರರಿಗಳಲ್ಲಿ ಎಐ: ಅವಕಾಶಗಳು ಮತ್ತು ಸವಾಲುಗಳು" ಬೇಡವೇ ಬೇಡ. ಅದರ ಬದಲು ಓದುಗರು ಬಂದು ಸಹಾಯ ಕೇಳುವ ರೆಫರೆನ್ಸ್ ಡೆಸ್ಕ್‌ಗೆ ಹೋಗಿ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಅದು ತಾನೇ ಕಟ್ಟಿ ಹೇಳಿದ, ಎಲ್ಲೂ ಇಲ್ಲದ ಲೇಖನವನ್ನು ಹುಡುಕಿಕೊಡಿ ಅಂತ ಬರುವವರು ಶುರುವಾದರು. ಲೇಖಕರು ನಿಜ, ಪತ್ರಿಕೆ ನಿಜ, ಸಂಪುಟ ಸಂಖ್ಯೆಯೂ ಸರಿ ಅನಿಸುತ್ತದೆ, ಆ ಪುಟ ತೆರೆದರೆ ಅಲ್ಲಿ ಬೇರೆ ಯಾರದೋ ಲೇಖನ. ಇದೆ ಅಂತ ತೋರಿಸುವುದು ಸುಲಭ. ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಲೈಬ್ರರಿಯನ್ ಎಷ್ಟು ಕಡೆ ಹುಡುಕಬೇಕು, ಎಷ್ಟು ಹೊತ್ತಾಗುತ್ತದೆ, "ಇದು ಇಲ್ಲ" ಅಂದಾಗ ಕೇಳಿದವರು ನಂಬುತ್ತಾರಾ? ಒಂದು ಡೆಸ್ಕಿನಲ್ಲಿ ಒಂದು ಸೆಮಿಸ್ಟರ್ ಕೂತು ಬರೆದಿಟ್ಟುಕೊಂಡರೂ ಓದುವಂಥ ಪ್ರಬಂಧವಾಗುತ್ತದೆ.

ಇನ್ನು ಕೆಲಸದ ಮಾತು. ಲಾಗ್ ಬೇಕು ಅನ್ನುವವರು ಮೊದಲ ತಿಂಗಳಲ್ಲೇ ಅನುಮತಿ ಕೇಳಿ. ಬಳಕೆದಾರರ ಐಡಿ, ಐಪಿ ವಿಳಾಸ ತೆಗೆದು ಕೊಡಿ ಅಂತ ನೀವೇ ಬರೆದು ಕೇಳಿದರೆ ಸಿಗುವ ಸಾಧ್ಯತೆ ಜಾಸ್ತಿ, ಯಾಕೆಂದರೆ ಯಾರು ಏನು ಓದುತ್ತಾರೆ ಅನ್ನುವುದನ್ನು ಹೊರಗೆ ಬಿಡದಿರುವುದು ಲೈಬ್ರರಿಯವರ ಧರ್ಮ. ಅವರು ಅನುಮಾನ ಪಡುವುದರಲ್ಲಿ ತಪ್ಪೇನಿಲ್ಲ. ಲಾಗ್ ಆನ್ ಆಗಿಯೇ ಇಲ್ಲ ಅನ್ನುವ ಉತ್ತರವೂ ಬರಬಹುದು, ಆಗ ಆನ್ ಮಾಡಿಸಿ ಕಾಯಲು ಸಮಯ ಬೇಕಲ್ಲ, ಅದಕ್ಕೇ ಬೇಗ ಕೇಳಿ ಅಂದದ್ದು. ಗೈಡ್ ಒಪ್ಪುತ್ತಾರಾ ಅಂತ ಹೆದರಿಕೆ ಇದ್ದರೆ ಐವತ್ತು ಸಾಲಿನ ಲಾಗ್ ಅಥವಾ ಐವತ್ತು ಲಿಂಕ್ ಪರೀಕ್ಷಿಸಿ ಒಂದು ಪುಟದ ಟೇಬಲ್ ಮಾಡಿಕೊಂಡು ಹೋಗಿ. ಶೀರ್ಷಿಕೆ ಆಮೇಲೆ ಇಡಿ. ವಿಭಾಗದವರು ಶೀರ್ಷಿಕೆಯ ಕೊನೆಯಲ್ಲಿ "ಒಂದು ಅಧ್ಯಯನ" ಇರಲೇಬೇಕು ಅಂತ ಹಟ ಹಿಡಿದರೆ ಹಾಕಿಬಿಡಿ, ಅದಕ್ಕೆಲ್ಲ ಜಗಳ ಬೇಡ.